ಕೇಪ್ ಟೌನಿನ ಐತಿಹ್ಯಗಳು: ದಿಟವೆಷ್ಟು, ಕಥೆಯೆಷ್ಟು?

ಯಥಾರ್ಥಜ್ಞಾನಕ್ಕೆ ಸಾಧನಗಳಾದ ಪ್ರಮಾಣಗಳು ಎಷ್ಟು ಎಂಬ ವಿಷಯದಲ್ಲಿ ನಮ್ಮ ಶಾಸ್ತ್ರಕಾರರಲ್ಲಿ ಒಮ್ಮತವಿಲ್ಲ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕನ್ನು ಒಪ್ಪಿದರು. ಪೌರಾಣಿಕರು ಐತಿಹ್ಯವನ್ನೂ ಪ್ರಮಾಣವೆಂದು ಎಣಿಸಿದರು. ಮೊದಲು ಹೇಳಿದವನು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಇಳಿದು ಬಂದ ಮಾತೇ ಐತಿಹ್ಯ. ಇದಕ್ಕೆ ಗ್ರಂಥಗಳಲ್ಲಿ ಕೊಡುವ ಉದಾಹರಣೆಯು ಬಲು ಸೊಗಸಾದುದು: ಈ ಆಲದ ಮರದಲ್ಲಿ ಯಕ್ಷನೊಬ್ಬನು ವಾಸವಾಗಿದ್ದಾನೆ ಎಂಬುದು. ಕಂಡವರು ಯಾರು? ಯಾರೂ ಇಲ್ಲ. ಆದರೂ ಊರಿನವರೆಲ್ಲ ಬಲ್ಲರು. ನೈಯಾಯಿಕರ ಉತ್ತರ ಸ್ಪಷ್ಟವಾಗಿದೆ: ಹೇಳಿದವನು ಆಪ್ತನಾದರೆ ಅದು ಶಬ್ದಪ್ರಮಾಣವೇ ಆಯಿತು; ಆಪ್ತನೆಂಬ ನಿಶ್ಚಯವಿಲ್ಲದಿದ್ದರೆ ಅದು ಪ್ರಮಾಣವೇ ಅಲ್ಲ.

ಹಳೆಯ ಊರುಗಳಲ್ಲೆಲ್ಲ ಇಂತಹ ಯಕ್ಷರು ಉಂಟು. ಆಫ್ರಿಕಾ ಖಂಡದ ನೈಋತ್ಯದ ತುದಿಯಲ್ಲಿರುವ ಕೇಪ್ ಟೌನ್ ನಗರದಲ್ಲಿಯಂತೂ ಅವರ ಸಂಖ್ಯೆ ಹೆಚ್ಚು. ಆ ಭೂಶಿರವು ನಮಗೆ ತೀರ ಪರಕೀಯವೂ ಅಲ್ಲ. ಅದನ್ನು ಸುತ್ತಿಕೊಂಡೇ 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದನು. ಮರಳುವಾಗ ನಮ್ಮ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿದನು. ಯೂರೋಪಿಗೂ ಭರತಖಂಡಕ್ಕೂ ನಡುವೆ ಹೋಗಿಬರುವ ಹಡಗುಗಳಿಗೆ ನೀರು, ಕಾಯಿಪಲ್ಲೆ, ಮಾಂಸಗಳನ್ನು ಒದಗಿಸುವ ತಂಗುದಾಣವನ್ನಾಗಿ ಡಚ್ ಕಂಪೆನಿಯವರು 1652ರಲ್ಲಿ ಅಲ್ಲಿ ಬೀಡುಬಿಟ್ಟರು. ಆ ಬೀಡೇ ಬೆಳೆದು ನಗರವಾಯಿತು. ಅಲ್ಲಿನ ಕೆಲವು ಐತಿಹ್ಯಗಳನ್ನು ಪ್ರಮಾಣದ ಒರೆಗಲ್ಲಿಗೆ ತಿಕ್ಕಿ ನೋಡೋಣ.

ಮೊದಲನೆಯದು ಬೆಟ್ಟದ ಕಥೆ. ಊರಿನ ಬೆನ್ನಿಗೆ ನಿಂತಿರುವ ಬೆಟ್ಟದ ನೆತ್ತಿಯು ಮೇಜಿನ ಹಲಗೆಯಂತೆ ಮಟ್ಟಸವಾಗಿರುವುದರಿಂದ ಅದಕ್ಕೆ ಟೇಬಲ್ ಮೌಂಟನ್ ಎಂದು ಹೆಸರು. ಅದರ ಎತ್ತರ ಸುಮಾರು 3,560 ಅಡಿ. ಬೇಸಗೆಯಲ್ಲಿ ಬೆಳ್ಳನೆಯ ಮೋಡವೊಂದು ಅದರ ಮೇಲೆ ಹರಡಿ, ಮೇಜಿನ ಮೇಲೆ ಹಾಸಿದ ವಸ್ತ್ರದಂತೆ ಅಂಚಿನಿಂದ ಇಳಿಬೀಳುತ್ತದೆ. ಊರಿನವರು ಹೇಳುವುದೇನೆಂದರೆ, ವಾನ್ ಹಂಕ್ಸ್ ಎಂಬ ಮುದಿ ಕಡಲುಗಳ್ಳನೊಬ್ಬನಿದ್ದನು. ಮನೆಯೊಳಗೆ ಹೊಗೆಬತ್ತಿ ಸೇದಕೂಡದೆಂದು ಹೆಂಡತಿಯ ಕಟ್ಟಪ್ಪಣೆ. ಬಡಪಾಯಿಯು ಬೆಟ್ಟದ ಇಳಿಜಾರಿಗೆ ಹೋಗಿ ಕುಳಿತು ಚಿಲುಮೆ ಸೇದುತ್ತಿದ್ದನು. ಒಂದು ದಿನ ಅಪರಿಚಿತನೊಬ್ಬನು ಬಂದು ಪಂದ್ಯಕ್ಕೆ ಕರೆದನು. ದಿನಗಟ್ಟಲೆ ಇಬ್ಬರೂ ಸೇದಿದರು. ಕೊನೆಗೆ ಮುದುಕನೇ ಗೆದ್ದನು. ಸೋತವನ ಟೊಪ್ಪಿಗೆ ಜಾರಿತು. ನೋಡಿದರೆ ಅವನು ಸಾಕ್ಷಾತ್ ಸೈತಾನ! ಆ ಪಂದ್ಯವೇ ಬೇಸಗೆಬೇಸಗೆಗೂ ನಡೆಯುತ್ತಿದೆಯಂತೆ. ಅದರ ಹೊಗೆಯೇ ಈ ಮೋಡವಂತೆ. ಪಕ್ಕದ ಶಿಖರಕ್ಕೆ ಸೈತಾನನ ಶಿಖರವೆಂದೇ ಹೆಸರು.

ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಆ ಅನುಮಾನವು ಕೆಡುವುದೆಂಬುದು ಎರಡನೆಯ ಪಾಠ. ಇಲ್ಲಿ ಆಗಿರುವುದು ಅದೇ. ಬೇಸಗೆಯಲ್ಲಿ ಆಗ್ನೇಯ ದಿಕ್ಕಿನ ಗಾಳಿಯು ಕಡಲಿನ ಮೇಲಿಂದ ನೀರಿನ ಆವಿಯನ್ನು ಹೊತ್ತು ಬರುತ್ತದೆ. ಬೆಟ್ಟವು ಅಡ್ಡವಾದುದರಿಂದ ಮೇಲಕ್ಕೇರಿ ತಣ್ಣಗಾಗುತ್ತದೆ. ಆವಿಯು ಸಣ್ಣ ಹನಿಗಳಾಗಿ ಮೋಡಗಟ್ಟುತ್ತದೆ. ಊರಿನ ಕಡೆಗೆ ಇಳಿಯುವಾಗ ಗಾಳಿಯು ಮತ್ತೆ ಬೆಚ್ಚಗಾಗಿ ಹನಿಗಳು ಆರಿಹೋಗುತ್ತವೆ. ಆದಕಾರಣವೇ ವಸ್ತ್ರದ ಸೆರಗು ಎಷ್ಟೇ ಜೋಲಿದರೂ ನೆಲವನ್ನು ಮುಟ್ಟುವುದಿಲ್ಲ. ಸೈತಾನನ ಶಿಖರಕ್ಕೆ ಹಿಂದೆ ಡಚ್ಚರು ಇಟ್ಟ ಹೆಸರು ಗಾಳಿಬೆಟ್ಟ ಎಂದು. ದಿಟವು ಆ ಹೆಸರಿನಲ್ಲಿಯೇ ಇದ್ದಿತು.

ಎರಡನೆಯದು ಎರಡು ಮಹಾಸಾಗರಗಳ ಸಂಗಮ. ನಗರದ ದಕ್ಷಿಣಕ್ಕಿರುವ ಗುಡ್ ಹೋಪ್ ಭೂಶಿರವೇ ಆಫ್ರಿಕದ ಕಟ್ಟಕಡೆಯ ತುದಿಯೆಂದೂ, ಅಲ್ಲಿ ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರಗಳು ಕೂಡುವ ಗೆರೆಯು ಕಣ್ಣಿಗೆ ಕಾಣುವುದೆಂದೂ ಯಾತ್ರಿಕರು ನಂಬುತ್ತಾರೆ. ಇದು ತಪ್ಪು. ಖಂಡದ ದಕ್ಷಿಣಾಗ್ರವು ಅಲ್ಲಿಂದ ಆಗ್ನೇಯಕ್ಕೆ ಸುಮಾರು 150 ಕಿಲೋಮೀಟರು ದೂರದ ಅಗುಲ್ಹಾಸ್ ಭೂಶಿರ. ಭೂಗೋಳಜ್ಞರು ಸಾಗರಗಳ ಎಲ್ಲೆಯನ್ನು ಹಾಕಿರುವುದೂ ಅಲ್ಲಿಯೇ. ಬಿಸಿನೀರಿನ ಪ್ರವಾಹವೂ ತಣ್ಣೀರಿನ ಪ್ರವಾಹವೂ ಸಂಧಿಸುವ ಸ್ಥಳವಾದರೋ ಎರಡು ಭೂಶಿರಗಳ ನಡುವೆ ಅತ್ತಿತ್ತ ಸರಿಯುತ್ತಿರುತ್ತದೆ. ಗೆರೆ ಎಳೆದು ತೋರಿಸುವಂತಹದಲ್ಲ.

ಆ ಕಡಲಿನಲ್ಲಿಯೇ ಪ್ರೇತನೌಕೆಯೊಂದು ಎಂದೆಂದಿಗೂ ದಡ ಸೇರದೆ ಅಲೆಯುತ್ತಿದೆಯೆಂಬ ಕಥೆಯು ಲೋಕಪ್ರಸಿದ್ಧವಾಗಿದೆ. ಮುಂದೆ ಐದನೆಯ ಜಾರ್ಜ್ ದೊರೆಯಾದ ರಾಜಕುಮಾರನೇ ಕಂಡನೆಂದು ಸಾಕ್ಷಿ ಹೇಳುವುದುಂಟು. ಬ್ಯಾಕಾಂಟೆ ಎಂಬ ಹಡಗಿನ ಯಾತ್ರಾವೃತ್ತಾಂತದಲ್ಲಿ 1881ರ ಜುಲೈ 11ರಂದು ಹಾಗೆ ಬರೆದಿರುವುದು ನಿಜವೇ. ಆದರೆ ಆ ದಿನ ರಾಜಕುಮಾರನು ಇದ್ದುದು ಆಸ್ಟ್ರೇಲಿಯದ ಮೆಲ್ಬೋರ್ನಿಗೂ ಸಿಡ್ನಿಗೂ ನಡುವೆ! ಸಾಕ್ಷಿಯು ನಿಂತಿದ್ದ ಸ್ಥಳವನ್ನು ವಿಚಾರಿಸದೆ ಸಾಕ್ಷ್ಯವನ್ನು ಸ್ವೀಕರಿಸಿದರೆ ಆಗುವ ಫಲವಿದು. ಕಡಲ ಮೇಲಿನ ಗಾಳಿಯಲ್ಲಿ ತಣ್ಣನೆಯ ಪದರದ ಮೇಲೆ ಬೆಚ್ಚನೆಯ ಪದರವು ನಿಂತಾಗ ಬೆಳಕು ಬಾಗಿ, ದೂರದ ಹಡಗು ಮೇಲೆ ತೇಲುವಂತೆ ತೋರುತ್ತದೆ. ಮರುಭೂಮಿಯ ಮೃಗತೃಷ್ಣೆಗೆ ಇದು ದಾಯಾದಿ.

ಸಾಮಾನ್ಯರು ಮಾತ್ರ ಮೋಸಹೋಗುವರೆಂದು ಪಂಡಿತರು ಬೀಗಬೇಕಾದುದಿಲ್ಲ. ಲಕಾಯ್ ಎಂಬ ಫ್ರೆಂಚ್ ಜ್ಯೋತಿರ್ವಿದನು 1751ರಲ್ಲಿ ಕೇಪಿಗೆ ಬಂದು ದಕ್ಷಿಣಾಕಾಶದ ಸುಮಾರು ಹತ್ತು ಸಾವಿರ ನಕ್ಷತ್ರಗಳ ಸ್ಥಾನವನ್ನು ಗುರುತಿಸಿದನು. ಒಂದು ನಕ್ಷತ್ರಪುಂಜಕ್ಕೆ ಈ ಬೆಟ್ಟದ ಹೆಸರನ್ನೇ ಇಟ್ಟನು. 1752ರಲ್ಲಿ ಭೂಮಿಯ ಆಕಾರವನ್ನು ತಿಳಿಯಲು ಉತ್ತರಕ್ಕೆ ರೇಖಾಂಶವೃತ್ತದ ಒಂದು ಭಾಗವನ್ನು ಅಳೆದನು. ಫಲವು ವಿಚಿತ್ರವಾಗಿ ಬಂದಿತು: ಭೂಮಿಯ ದಕ್ಷಿಣಾರ್ಧವು ಉತ್ತರಾರ್ಧದಂತಿರದೆ ನೀಳವಾಗಿದೆಯೆಂದು ತೋರಿತು. ಅಂತಹ ನಿಷ್ಠಾವಂತನ ಲೆಕ್ಕವನ್ನು ಸಂಶಯಿಸುವುದು ಹೇಗೆ? ವಿದ್ವಾಂಸರು ಬಹುಕಾಲ ತೊಳಲಿದರು.

ಇದರ ಬಿಡುಗಡೆಗೆ ಕಾರಣನಾದವನು ನಮ್ಮ ದೇಶದ ಭೂಮಾಪನ ಇಲಾಖೆಯವನು. 1800ರಲ್ಲಿ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಈ ಕಾರ್ಯಕ್ಕೆ ತೊಡಗಿದುದನ್ನು ವಾಚಕರಲ್ಲಿ ಕೆಲವರಾದರೂ ಬಲ್ಲರು. ಆತನ ಸಹಾಯಕನಾಗಿದ್ದ ಜಾರ್ಜ್ ಎವರೆಸ್ಟನು ಆರೋಗ್ಯ ಕೆಟ್ಟು 1820ರಲ್ಲಿ ಹವಾಬದಲಾವಣೆಗಾಗಿ ಕೇಪಿಗೆ ಹೋದನು. ಸುಮ್ಮನೆ ಕೂರಲಾರದೆ ಲಕಾಯನು ಅಳೆದ ಸ್ಥಳಗಳನ್ನು ನೋಡಿಬಂದನು. ಗಾರೆಕೆಲಸದವರು ಗೋಡೆಯ ನೇರವನ್ನು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಗುಗುಂಡೇ ಭೂಮಾಪಕರಿಗೂ ಆಧಾರ. ಅಳತೆಯ ಎರಡು ತುದಿಗಳಲ್ಲಿಯೂ ಬೆಟ್ಟಗಳಿವೆ. ಅವುಗಳ ಆಕರ್ಷಣೆಯಿಂದ ಗುಂಡು ತುಸು ಓರೆಯಾಗಿರಬೇಕೆಂದು ಎವರೆಸ್ಟನು ಸೂಚಿಸಿದನು. 1840ರ ದಶಕದಲ್ಲಿ ಮ್ಯಾಕ್ಲಿಯರನು ಎಲ್ಲವನ್ನೂ ಮತ್ತೆ ಅಳೆದು ಇದನ್ನು ಸಮರ್ಥಿಸಿದನು. ಆತನು ಬೆಟ್ಟದ ನೆತ್ತಿಯಲ್ಲಿ ಪೇರಿಸಿದ ಕಲ್ಲುಗುಪ್ಪೆಯು ಇಂದಿಗೂ ಅಲ್ಲಿನ ಅತ್ಯುನ್ನತ ಸ್ಥಾನವನ್ನು ಗುರುತಿಸುತ್ತದೆ. ಭೂಮಿಯು ಡೊಂಕಲ್ಲ, ಅಳೆಯುವ ದಾರವು ಡೊಂಕು ಎಂದಾಯಿತು. ಲಕಾಯನು ಸುಳ್ಳುಗಾರನಲ್ಲ; ಆಪ್ತನ ಮಾತನ್ನೂ ಮರಳಿ ಅಳೆದು ನೋಡಬೇಕಾದ ಸಂದರ್ಭವುಂಟೆಂಬುದೇ ಇದರಿಂದ ಕಲಿಯಬೇಕಾದ ಪಾಠ.

ಒರೆಗೆ ಹಚ್ಚಿದಾಗ ಚಿನ್ನವೇ ಆಗಿ ನಿಲ್ಲುವ ಐತಿಹ್ಯವೂ ಉಂಟು. ಕೇಪ್ ಟೌನಿನಲ್ಲಿ ಭಾನುವಾರ ಮತ್ತು ರಜಾದಿನಗಳ ಹೊರತು ಪ್ರತಿದಿನವೂ ನಡುಹಗಲಿಗೆ ತೋಪು ಹಾರಿಸುವರು. ಮಡಿದವರ ಸ್ಮರಣೆಗಾಗಿ ಎರಡು ನಿಮಿಷ ಮೌನವಾಗಿ ನಿಲ್ಲುವ ಪದ್ಧತಿಯು ಈ ತೋಪಿನಿಂದಲೇ ಹುಟ್ಟಿತೆಂದು ಊರಿನವರು ಹೆಮ್ಮೆಪಡುತ್ತಾರೆ. ಇದು ಬಡಾಯಿಯಲ್ಲ. ಮಹಾಯುದ್ಧದ ಕಾಲದಲ್ಲಿ, 1918ರ ಮೇ ತಿಂಗಳಿನಿಂದ, ನಗರಾಧ್ಯಕ್ಷನಾದ ಹ್ಯಾರಿ ಹ್ಯಾಂಡ್ಸನ ಕರೆಯಂತೆ ತೋಪು ಕೇಳಿಸಿದೊಡನೆ ಬೀದಿಯೆಲ್ಲ ಸ್ತಬ್ಧವಾಗುತ್ತಿದ್ದಿತು. ಅದಕ್ಕೆ ಹಿಂದಿನ ತಿಂಗಳಷ್ಟೇ ಆತನ ಮಗನು ಯುದ್ಧದಲ್ಲಿ ಮಡಿದಿದ್ದನು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡಿದ್ದ ಇನ್ನೊಬ್ಬ ತಂದೆ, ಪರ್ಸಿ ಫಿಟ್ಸ್‌ಪ್ಯಾಟ್ರಿಕ್, ಈ ಪದ್ಧತಿಯನ್ನು 1919ರಲ್ಲಿ ಬ್ರಿಟಿಷ್ ದೊರೆಗೆ ಸೂಚಿಸಿದನು. ಆ ದೊರೆ ಯಾರು? ಪ್ರೇತನೌಕೆಯ ಸಾಕ್ಷಿಯಾದ ಅದೇ ಐದನೆಯ ಜಾರ್ಜ್!

ಅರ್ಧಕ್ಕೆ ನಿಂತ ಹೆದ್ದಾರಿಯ ಸೇತುವೆಯೊಂದು ನಗರದ ಕಡಲಂಚಿನಲ್ಲಿದೆ. ಶಿಲ್ಪಿಯ ಲೆಕ್ಕ ತಪ್ಪಿ ಎರಡು ತುದಿಗಳು ಕೂಡಲಿಲ್ಲವೆಂದೂ, ಆತನು ಲಜ್ಜೆಯಿಂದ ಪ್ರಾಣಬಿಟ್ಟನೆಂದೂ ಹೇಳುವರು. ಹಣ ಸಾಲದೆಯೂ, ಅಷ್ಟು ವಾಹನಸಂಚಾರ ಇಲ್ಲದೆಯೂ 1977ರಲ್ಲಿ ಕೆಲಸ ನಿಂತಿತೆಂಬುದೇ ನೀರಸವಾದ ಸತ್ಯ.

ಇನ್ನು ನಮಗೆ ಸಂಬಂಧಿಸಿದ ಒಂದು ತಪ್ಪುನಂಬಿಕೆ. ದಕ್ಷಿಣ ಆಫ್ರಿಕಕ್ಕೆ ಭಾರತೀಯರು ಮೊದಲು ಹೋದುದು 1860ರಲ್ಲಿ, ನೇಟಾಲಿನ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ, ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ, ನಾನೂ ಹೇಳಿಕೊಟ್ಟವನೇ. ಅದಕ್ಕೆ ಎರಡು ಶತಮಾನಗಳ ಹಿಂದೆಯೇ ಡಚ್ಚರು ಬಂಗಾಳ, ಮಲಬಾರ್, ಚೋಳಮಂಡಲ ತೀರಗಳಿಂದ ಜನರನ್ನು ಗುಲಾಮರನ್ನಾಗಿ ಕೇಪಿಗೆ ಸಾಗಿಸಿದ್ದರು. 1652ರಿಂದ 1808ರ ವರೆಗೆ ಅಲ್ಲಿಗೆ ತಂದ ಗುಲಾಮರು ಅರವತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಸುಮಾರು ಕಾಲುಭಾಗ ನಮ್ಮವರೆಂದು ವಿದ್ವಾಂಸರ ಎಣಿಕೆ. ಮೊದಲ ಅಧಿಕಾರಿಯಾದ ವಾನ್ ರೀಬೆಕನ ಮನೆಯಲ್ಲಿಯೇ ಆಂಜೆಲಾ ವಾನ್ ಬೆಂಗಾಲೆನ್, ಎಂದರೆ ಬಂಗಾಳದ ಆಂಜೆಲಾ, ಎಂಬ ಗುಲಾಮಳಿದ್ದಳು. 1666ರಲ್ಲಿ ಅವಳಿಗೆ ಬಿಡುಗಡೆಯಾಯಿತು. ತಾಯಿತಂದೆಗಳು ಇಟ್ಟ ಹೆಸರು ಅಳಿಸಿಹೋಗಿ, ಊರಿನ ಹೆಸರು ಮಾತ್ರ ದಾಖಲೆಯಲ್ಲಿ ಉಳಿಯಿತು. ಈ ಜನರಲ್ಲಿ ಅನೇಕರ ಸಂತತಿಯನ್ನು ಕೇಪ್ ಮಲಯರೆಂದು ಕರೆಯುವ ರೂಢಿಯಿಂದ ಎಲ್ಲರೂ ಮಲಯ ದೇಶದವರೆಂಬ ಭ್ರಾಂತಿಯು ಬೆಳೆಯಿತು. ಅವರಲ್ಲಿ ಜಾವಾ ಮೊದಲಾದ ದ್ವೀಪಗಳವರೂ ಭಾರತೀಯರೂ ಆಫ್ರಿಕದವರೂ ಕೂಡಿದ್ದಾರೆ.

ಕೊನೆಯದು ತೀರ ಈಚಿನದು. ಒರೆ ಹಚ್ಚಲು ಕೈ ಹಿಂಜರಿಯುವಂತಹದು. 1967ರ ಡಿಸೆಂಬರ್ 3ರಂದು ಈ ನಗರದ ಗ್ರೂಟೆ ಸ್ಕೂರ್ ಆಸ್ಪತ್ರೆಯಲ್ಲಿ ಡಾಕ್ಟರ್ ಕ್ರಿಸ್ಟಿಯಾನ್ ಬರ್ನಾರ್ಡರು ಪ್ರಪಂಚದಲ್ಲೇ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಇನ್ನೊಬ್ಬ ಮನುಷ್ಯನಿಗೆ ಜೋಡಿಸಿದರು. ಆ ರಾತ್ರಿ ದಾನಿಯ ದೇಹದಿಂದ ಹೃದಯವನ್ನು ಬಿಡಿಸಿಕೊಟ್ಟವರು ಹ್ಯಾಮಿಲ್ಟನ್ ನಾಕಿ ಎಂಬ ಕಪ್ಪು ಜನಾಂಗದ ತೋಟದ ಆಳು, ವರ್ಣಭೇದದ ಸರ್ಕಾರಕ್ಕೆ ಹೆದರಿ ಅದನ್ನು ಮುಚ್ಚಿಟ್ಟರು ಎಂಬ ವಾರ್ತೆ ಹರಡಿತು. 2005ರಲ್ಲಿ ನಾಕಿಯವರು ತೀರಿಕೊಂಡಾಗ ಲಂಡನ್ ಮತ್ತು ನ್ಯೂಯಾರ್ಕಿನ ಹೆಸರಾಂತ ಪತ್ರಿಕೆಗಳೇ ಹೀಗೆ ಬರೆದವು. ಬಳಿಕ ವಿಚಾರಿಸಿ, ಅದು ನಿಜವಲ್ಲವೆಂದು ತಿದ್ದುಪಡಿಯನ್ನೂ ಪ್ರಕಟಿಸಿದವು. ಆ ಶಸ್ತ್ರಚಿಕಿತ್ಸೆಯಲ್ಲಿ ನಾಕಿಯವರು ಭಾಗವಹಿಸಿರಲಿಲ್ಲ.

ಹಾಗಾದರೆ ನಾಕಿಯವರು ಯಾರು? ಹಳ್ಳಿಯಿಂದ ಬಂದು, ಕೇಪ್ ಟೌನ್ ವಿಶ್ವವಿದ್ಯಾನಿಲಯದ ತೋಟದಲ್ಲಿ ಕೂಲಿಗೆ ಸೇರಿದವರು. ಓದು ಹದಿನಾಲ್ಕರ ಪ್ರಾಯಕ್ಕೇ ನಿಂತಿತ್ತು. 1954ರಲ್ಲಿ ಪ್ರಾಧ್ಯಾಪಕ ಗೆಟ್ಸರು ಜಿರಾಫೆಯೊಂದರ ಮೇಲೆ ಪ್ರಯೋಗ ನಡೆಸುವಾಗ, ಹಿಡಿದುಕೊಳ್ಳಲು ಆಳು ಬೇಕೆಂದು ನಾಕಿಯವರನ್ನು ಕರೆದರು. ಅಂದು ಪ್ರಯೋಗಶಾಲೆಗೆ ಕಾಲಿಟ್ಟವರು ನೋಡಿ ನೋಡಿ ಕಲಿತರು. ಪ್ರಾಣಿಗಳಿಗೆ ಅರಿವಳಿಕೆ ಕೊಡುವುದನ್ನು, ಹೊಲಿಯುವುದನ್ನು, ಕೊನೆಗೆ ಯಕೃತ್ತನ್ನೇ ತೆಗೆದು ಜೋಡಿಸುವುದನ್ನು ಕರಗತ ಮಾಡಿಕೊಂಡರು. ಪದವೀಧರರಾದ ಎಷ್ಟೋ ಶಸ್ತ್ರವೈದ್ಯರು ಅವರ ಪಕ್ಕದಲ್ಲಿ ನಿಂತು ಕಲಿತರು. ಆದರೂ 1991ರಲ್ಲಿ ನಿವೃತ್ತರಾದಾಗ ಅವರಿಗೆ ದೊರೆತುದು ತೋಟಗಾರನ ವಿಶ್ರಾಂತಿವೇತನ. 2003ರಲ್ಲಿ ಅದೇ ವಿಶ್ವವಿದ್ಯಾನಿಲಯವು ಗೌರವ ಪದವಿಯನ್ನಿತ್ತಿತು.

ಕಥೆಯು ಸುಳ್ಳಾಯಿತೆಂದು ಹಿಗ್ಗುವವರನ್ನು ಕಂಡರೆ ನನಗೆ ವ್ಯಸನವಾಗುತ್ತದೆ. ಆ ಒಂದು ರಾತ್ರಿಯ ಸುಳ್ಳಿನ ಹಿಂದೆ ನಾಲ್ವತ್ತು ವರ್ಷಗಳ ದಿಟವಾದ ಅನ್ಯಾಯವಿದೆ. ಸಲ್ಲಬೇಕಾದ ಮರ್ಯಾದೆಯು ಸಕಾಲದಲ್ಲಿ ಸಂದಿದ್ದರೆ, ಸಲ್ಲದ ಕೀರ್ತಿಯನ್ನು ಕಟ್ಟುವ ಅಗತ್ಯವೇ ಜನರಿಗೆ ಬೀಳುತ್ತಿರಲಿಲ್ಲ. ಅಂತೆಯೇ, ಕನಿಕರದಿಂದ ಆ ಕಥೆಯನ್ನು ಹಾಗೆಯೇ ಬಿಡೋಣವೆನ್ನುವವರ ಮಾತನ್ನೂ ಒಪ್ಪಲಾರೆ. ಸುಳ್ಳಿನ ಕಿರೀಟವು ಕಳಚಿ ಬಿದ್ದ ದಿನ, ನೋಡುವವರು ತಲೆಯನ್ನೂ ಶಂಕಿಸುತ್ತಾರೆ. ನಾಕಿಯವರು ದಿಟವಾಗಿ ಮಾಡಿದುದನ್ನೂ ನಂಬದೆ ಹೋಗುತ್ತಾರೆ. ಅವರ ಬಾಳು ಆ ಕಿರೀಟವಿಲ್ಲದೆಯೇ ದೊಡ್ಡದು.

ಮೂಲವಿಲ್ಲದ ಒಂದನ್ನೂ ಬರೆಯುವುದಿಲ್ಲವೆಂದು ವ್ಯಾಖ್ಯಾನಕಾರನಾದ ಮಲ್ಲಿನಾಥನು ನಿಯಮ ಮಾಡಿಕೊಂಡಿದ್ದನು. ಮನೆಯೊಳಗಿನ ಮಾತಿಗೆ ಅಷ್ಟು ಕಟ್ಟುಪಾಡು ಬೇಡ. ಮಕ್ಕಳಿಗೆ ವಾನ್ ಹಂಕ್ಸನ ಕಥೆಯನ್ನು ಅವಶ್ಯವಾಗಿ ಹೇಳಿರಿ. ಕಥೆಯೆಂದು ಹೇಳಿ ಹೇಳಿರಿ. ಆಂಜೆಲಾಳದನ್ನೂ ನಾಕಿಯವರದನ್ನೂ ಹೇಳುವಾಗ, ನಡೆದುದೆಂದು ಹೇಳಿರಿ. ಆಲದ ಮರದಲ್ಲಿ ಯಕ್ಷನಿಲ್ಲವೆಂದು ತಿಳಿದ ಮಾತ್ರಕ್ಕೆ ಮರವನ್ನು ಕಡಿಯಬೇಕಾದುದಿಲ್ಲ. ಅದರ ನೆರಳಿನಲ್ಲಿ ಯಾರು ಯಾರು ದುಡಿದು ದಣಿದು ಕುಳಿತಿದ್ದರೆಂದು ವಿಚಾರಿಸಿದರೆ ಸಾಕು.