ಗಾಜಿನ ಎಳೆಗೆ ಲೋಹದ ಕವಚ

ಗಾಜು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಒಡೆಯುವ ಪದಾರ್ಥ. ಕಂದೀಲಿನ ಚಿಮಣಿಯಾಗಲಿ, ಚಹದ ಲೋಟವಾಗಲಿ, ಕೈ ತಪ್ಪಿದರೆ ಚೂರುಚೂರು. ಅದೇ ಗಾಜನ್ನು ಕೂದಲಿನಷ್ಟು ಸಣ್ಣ ಎಳೆಯಾಗಿ ಎಳೆದು, ಅದರೊಳಗೆ ಬೆಳಕನ್ನು ಹರಿಯಬಿಟ್ಟು, ಒಂದು ಊರಿನ ಮಾತನ್ನು ಮತ್ತೊಂದು ಊರಿಗೆ ಮುಟ್ಟಿಸುವ ವಿದ್ಯೆ ಇಂದು ಮನೆಮನೆಗೂ ಬಂದಿದೆ. ಮುಂಬಯಿಯಿಂದ ಊರಿನವರೊಡನೆ ನಾವು ಆಡುವ ಮಾತು ದಾರಿಯ ಬಹುಭಾಗವನ್ನು ಇಂಥ ಎಳೆಯೊಳಗೇ ಸಾಗುತ್ತದೆ. ಇದನ್ನು ಬಹುಮಂದಿ ವಾಚಕರು ಕೇಳಿಬಲ್ಲರು. ಆದರೆ ಈ ಎಳೆಗಳಲ್ಲಿ ಕೆಲವಕ್ಕೆ ಪ್ಲಾಸ್ಟಿಕ್ಕಿನ ಬದಲು ಅಲ್ಯೂಮಿನಿಯಂ, ತಾಮ್ರ, ಅಷ್ಟೇ ಏಕೆ, ಚಿನ್ನದ ಲೇಪವನ್ನೂ ಕೊಡುತ್ತಾರೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಗಾಜಿಗೆ ಚಿನ್ನದ ಅಂಗಿ ಏತಕ್ಕೆ? ಇದು ಶೋಕಿಯಲ್ಲ, ಪ್ಲಾಸ್ಟಿಕ್ಕು ಸುಟ್ಟುಹೋಗುವ ಜಾಗದಲ್ಲಿ ಕೆಲಸ ನಡೆಯಬೇಕೆಂಬ ನಿರ್ಬಂಧ.

ಮೊದಲು, ಬೆಳಕು ಎಳೆಯೊಳಗೆ ನಿಲ್ಲುವುದು ಹೇಗೆಂಬುದನ್ನು ನೋಡೋಣ. ಬಾವಿಯಲ್ಲಿ ಮುಳುಗಿ ಮೇಲೆ ನೋಡಿದವರಿಗೆ ಗೊತ್ತು: ನೆತ್ತಿಯ ನೇರಕ್ಕೆ ಆಕಾಶ ಕಾಣುತ್ತದೆ, ತುಸು ದೂರದಲ್ಲಿ ನೀರಿನ ಮೈಯೇ ಕನ್ನಡಿಯಂತೆ ಹೊಳೆಯುತ್ತದೆ. ಸಾಂದ್ರವಾದ ನೀರಿನಿಂದ ವಿರಳವಾದ ಗಾಳಿಗೆ ಹೊರಟ ಬೆಳಕು ತೀರ ಓರೆಯಾಗಿ ಬಿದ್ದರೆ ಹೊರಗೆ ಹೋಗದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಇದಕ್ಕೆ ಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. ಜಿನೀವಾದಲ್ಲಿ ಕೊಲಾಡನ್ ಎಂಬವರು 1841ರಲ್ಲಿಯೂ, ಲಂಡನ್ನಿನಲ್ಲಿ ಜಾನ್ ಟಿಂಡಲ್ ಎಂಬವರು 1854ರಲ್ಲಿಯೂ ನೀರಿನ ಧಾರೆಯೊಡನೆ ಬೆಳಕೂ ಬಾಗಿ ಬೀಳುವುದನ್ನು ಸಭೆಗೆ ತೋರಿಸಿದರು. ನೀರಿನ ಧಾರೆಯ ಬದಲು ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂಬುದನ್ನು 1954ರಲ್ಲಿ ಪ್ರಕಟಿಸಿದವರಲ್ಲಿ ಒಬ್ಬರು ನಮ್ಮ ದೇಶದವರು. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಜನಿಸಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸರೊಡನೆ ಈ ಕೆಲಸ ಮಾಡಿದರು. ದೂರದ ಸಂದೇಶಕ್ಕೂ ಗಾಜು ಸಲ್ಲುವುದೆಂದು 1966ರಲ್ಲಿ ಲೆಕ್ಕ ಹಾಕಿ ತೋರಿಸಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈಗಿನ ಸಂದೇಶದ ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಮೂರು ಪದರಗಳಿವೆ. ನಡುವೆ ತಿರುಳು, ದೂರದ ಸಂದೇಶಕ್ಕೆ ಬಳಸುವ ಎಳೆಯಲ್ಲಿ ಇದರ ಅಗಲ ಸುಮಾರು 9 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಅದರ ಸುತ್ತ ಗಾಜಿನದೇ ಹೊದಿಕೆ. ಎರಡೂ ಸೇರಿ 125 ಮೈಕ್ರಾನ್, ಮಿಲಿಮೀಟರಿನ ಎಂಟನೆಯ ಒಂದು ಪಾಲು. ಹೊದಿಕೆಯ ಗಾಜು ತಿರುಳಿನ ಗಾಜಿಗಿಂತ ಅತ್ಯಲ್ಪವಾಗಿ ವಿರಳ. ಆ ಅಲ್ಪ ವ್ಯತ್ಯಾಸವೇ ಬೆಳಕನ್ನು ತಿರುಳಿನಲ್ಲಿ ಹಿಡಿದಿಡುವ ಬೇಲಿ. ಇವೆರಡರ ಮೇಲೆ ಬರುವ ಮೂರನೆಯದೇ ಲೇಪ. ಸಾಮಾನ್ಯ ಎಳೆಯಲ್ಲಿ ಇದು ಪ್ಲಾಸ್ಟಿಕ್ ಜಾತಿಯದು. ಅದೂ ಸೇರಿದರೆ 250 ಮೈಕ್ರಾನ್.

ಲೋಹದ ಲೇಪವೆಂದರೆ ಕನ್ನಡಿಗೆ ಹಚ್ಚುವ ಕಲಾಯಿಯಂತೆ, ಬೆಳಕು ಹೊರಗೆ ಹೋಗದಿರಲೆಂದು ಹಚ್ಚಿದ್ದು ಎಂದು ಎಣಿಸುವುದು ಸಹಜ. ಆದರೆ ಅದು ಸರಿಯಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಅಲ್ಯೂಮಿನಿಯಂ ಕನ್ನಡಿಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಹತ್ತನೆಯ ಒಂದು ಪಾಲನ್ನು ಪ್ರತಿ ಸಲವೂ ನುಂಗುತ್ತದೆ. ಬೆಳಕನ್ನು ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲ ಪ್ರತಿಫಲನಕ್ಕೆ 90,000, ಎರಡನೆಯದಕ್ಕೆ 81,000, ಹತ್ತನೆಯದಕ್ಕೆ ಸುಮಾರು 35,000, ಐವತ್ತನೆಯದಕ್ಕೆ 515 ಉಳಿಯುತ್ತದೆ. ನೂರನೆಯದಕ್ಕೆ ಮೂರು ರೂಪಾಯಿಯೂ ಇಲ್ಲ! ಇಷ್ಟು ಸಪೂರವಾದ ಎಳೆಯಲ್ಲಿ ಒಂದು ಮೀಟರಿನೊಳಗೇ ಬೆಳಕು ನೂರಾರು ಸಲ ಗೋಡೆಗೆ ತಾಗಬಹುದು. ಕನ್ನಡಿಯನ್ನು ನಂಬಿದರೆ ಬೆಳಕು ಪಕ್ಕದ ಕೋಣೆಗೂ ತಲುಪದು. ಪೂರ್ಣ ಆಂತರಿಕ ಪ್ರತಿಫಲನದಲ್ಲಿ ಈ ಸೋರಿಕೆ ಇಲ್ಲ. ಆದುದರಿಂದಲೇ ಇಂದಿನ ಉತ್ತಮ ಎಳೆಯಲ್ಲಿ 15 ಕಿಲೋಮೀಟರ್ ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಹೊರಗಿನ ಲೋಹಕ್ಕೂ ಒಳಗಿನ ಬೆಳಕಿಗೂ ನಡುವೆ ಗಾಜಿನ ಹೊದಿಕೆ ಇದೆ. ಲೋಹ ಬೆಳಕನ್ನು ಮುಟ್ಟುವುದೇ ಇಲ್ಲ. ಅದು ಕಾಯುವುದು ಗಾಜನ್ನು.

ಗಾಜಿಗೆ ಕಾವಲು ಏತಕ್ಕೆ? ಹೊಸದಾಗಿ ಎಳೆದ ಶುದ್ಧ ಸಿಲಿಕದ ಎಳೆ ಬಲದಲ್ಲಿ ಉಕ್ಕಿನ ತಂತಿಯನ್ನೂ ಮೀರಿಸುತ್ತದೆ. ಮಿಲಿಮೀಟರಿನ ಎಂಟನೆಯ ಪಾಲಿನ ಆ ಎಳೆಯ ಗೇಣುದ್ದದ ತುಂಡು ಐದಾರು ಕಿಲೋ ಭಾರವನ್ನು ತಡೆಯಬಲ್ಲದು. ಆದರೆ ಮೈಮೇಲೆ ಕಣ್ಣಿಗೆ ಕಾಣದ ಒಂದು ಗೀರು ಬಿದ್ದರೆ ಆ ಬಲ ಹೋಯಿತು. ಜಗ್ಗಿದ ಒತ್ತಡವೆಲ್ಲ ಗೀರಿನ ತುದಿಯಲ್ಲಿ ಸೇರಿಕೊಳ್ಳುತ್ತದೆ. ಇಂಗ್ಲೆಂಡಿನ ಗ್ರಿಫಿತ್ ಎಂಬವರು 1920ರ ಸುಮಾರಿಗೆ ಗಾಜಿನ ಎಳೆಗಳನ್ನೇ ಪರೀಕ್ಷಿಸಿ ಈ ಮರ್ಮವನ್ನು ಬಿಡಿಸಿದರು. ಇದರ ಮೇಲೆ ಇನ್ನೊಬ್ಬ ಶತ್ರು ಇದ್ದಾನೆ, ನೀರು. ಗಾಳಿಯ ತೇವದಲ್ಲಿನ ನೀರಿನ ಕಣಗಳು ಗೀರಿನ ತುದಿಗೆ ಹೋಗಿ, ಜಗ್ಗಿಕೊಂಡಿರುವ ಗಾಜಿನ ಬಂಧಗಳನ್ನು ಒಂದೊಂದಾಗಿ ಕಡಿಯುತ್ತವೆ. ಗೀರು ಸಾವಕಾಶವಾಗಿ ಬೆಳೆಯುತ್ತದೆ. ಇಂದು ಗಟ್ಟಿಯಾಗಿ ಕಂಡ ಎಳೆ ವರ್ಷಗಳ ಮೇಲೆ, ಯಾರೂ ಮುಟ್ಟದಿದ್ದರೂ ತುಂಡಾಗಬಹುದು.

ಗಿರಣಿಯಲ್ಲಿ ದುಡಿಯುವ ನಮ್ಮಂಥವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಹಾಸಿನ ನೂಲನ್ನು ಹಾಗೆಯೇ ಮಗ್ಗಕ್ಕೆ ಏರಿಸಿದರೆ ತಿಕ್ಕಾಟಕ್ಕೆ ನವೆದು ತುಂಡಾಗುತ್ತದೆ; ಆದುದರಿಂದ ಮೊದಲು ಸೈಜಿಂಗ್ ಖಾತೆಯಲ್ಲಿ ಗಂಜಿ ಹತ್ತಿಸುತ್ತಾರೆ. ಎಳೆದ ಗಾಜಿಗೆ ಏನೂ ತಾಗುವ ಮುನ್ನವೇ ಲೇಪ ಕೊಡುವುದೂ ಹಾಗೆಯೇ. ಒಂದೇ ವ್ಯತ್ಯಾಸ: ನೂಲಿನ ಗಂಜಿಯನ್ನು ನೇಯ್ಗೆ ಮುಗಿದ ಮೇಲೆ ತೊಳೆಯಬಹುದು, ಗಾಜಿನ ಲೇಪ ಅದರ ಆಯುಷ್ಯವಿಡೀ ಇರಬೇಕು.

ರಸ್ತೆಯ ಅಡಿಯ ಕೇಬಲ್ಲಿಗೆ ಪ್ಲಾಸ್ಟಿಕ್ ಲೇಪವೇ ಸಾಕು. ಆದರೆ ಸಾಮಾನ್ಯ ಲೇಪವು ಸುಮಾರು 85 ಡಿಗ್ರಿ ಸೆಲ್ಸಿಯಸ್ ಕಾವಿನವರೆಗೆ ಮಾತ್ರ ಬಾಳುತ್ತದೆ. ಪಾಲಿಇಮೈಡ್ ಎಂಬ ಮೇಲ್ತರದ ಲೇಪ 300 ಡಿಗ್ರಿಯವರೆಗೆ ತಾಳುತ್ತದೆ. ಅದಕ್ಕೂ ಮೇಲೆ, ಕುಲುಮೆಯ ಗೋಡೆ, ಇಂಜಿನ್ನಿನ ಒಡಲು ಮುಂತಾದ ಕಡೆ ಲೋಹವೇ ಗತಿ. ಅಲ್ಯೂಮಿನಿಯಂ ಲೇಪವನ್ನು ಸುಮಾರು 400 ಡಿಗ್ರಿಯವರೆಗೆ, ಚಿನ್ನದ ಲೇಪವನ್ನು ಸುಮಾರು 700 ಡಿಗ್ರಿಯವರೆಗೆ ಬಳಸುತ್ತಾರೆ. ಅಲ್ಯೂಮಿನಿಯಂ ಕರಗುವುದು 660ಕ್ಕೆ. ಆದರೂ ಅಷ್ಟು ದೂರ ಹೋಗುವಂತಿಲ್ಲ, ಏಕೆಂದರೆ ಬಹಳ ಕಾಯ್ದಾಗ ಅದು ಗಾಜಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಳ್ಳತೊಡಗುತ್ತದೆ. ತಾಮ್ರವು ಗಾಳಿಯಲ್ಲಿ ಕಾಯ್ದರೆ ಕಿಲುಬಿ ಕಪ್ಪಾಗುತ್ತದೆ. ಚಿನ್ನಕ್ಕೆ ಈ ಎರಡು ದೋಷಗಳೂ ಇಲ್ಲ. ಬೆಲೆ ಹೆಚ್ಚಾದರೂ ಅದನ್ನು ಆರಿಸುವುದು ಇದಕ್ಕೇ. ಆಳದ ಎಣ್ಣೆ ಬಾವಿಗಳಲ್ಲಿ ಮತ್ತೊಂದು ತೊಡಕು. ಅಲ್ಲಿನ ಜಲಜನಕ ಅನಿಲ ಪ್ಲಾಸ್ಟಿಕ್ಕನ್ನು ದಾಟಿ ಗಾಜಿನೊಳಗೆ ಸೇರಿ ಬೆಳಕನ್ನು ಮಂಕು ಮಾಡುತ್ತದೆ. ದಟ್ಟವಾದ ಲೋಹದ ಪದರ ತೇವವನ್ನು ತಡೆಯುವಂತೆ ಈ ಅನಿಲದ ಓಟವನ್ನೂ ಬಹುಮಟ್ಟಿಗೆ ತಡೆಯುತ್ತದೆ.

ಲೇಪ ಕೊಡುವ ಕ್ರಮ ಸ್ವಾರಸ್ಯವಾಗಿದೆ. ದಪ್ಪನಾದ ಗಾಜಿನ ದಂಡವನ್ನು ಸುಮಾರು 2,000 ಡಿಗ್ರಿಗೆ ಕಾಯಿಸಿ, ಮೆತ್ತಗಾದ ತುದಿಯಿಂದ ಎಳೆಯನ್ನು ಕೆಳಕ್ಕೆ ಎಳೆಯುತ್ತಾರೆ. ಎಳೆ ಗಾಳಿಯಲ್ಲಿ ತಣಿದು, ಕರಗಿದ ಲೋಹವಿರುವ ಪುಟ್ಟ ಬಟ್ಟಲನ್ನು ಕ್ಷಣಾರ್ಧದಲ್ಲಿ ದಾಟಿ ಹೋಗುತ್ತದೆ. ಎಳೆಯು ಲೋಹಕ್ಕಿಂತ ತಣ್ಣಗಿರುವುದರಿಂದ ಅದರ ಮೈಗೆ ತಾಗಿದ ಲೋಹ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಲೇಪ ಸುಮಾರು 20 ಮೈಕ್ರಾನ್ ದಪ್ಪ. ಎಳೆ ನಿಧಾನವಾಗಿ ಹೋದರೆ ತಾನೇ ಕಾಯ್ದು, ಹೆಪ್ಪುಗಟ್ಟಿದ ಲೋಹ ಮತ್ತೆ ಕರಗುತ್ತದೆ. ಆದುದರಿಂದ ವೇಗವನ್ನು ಬಹಳ ಜೋಪಾನವಾಗಿ ನೋಡಿಕೊಳ್ಳಬೇಕು. ಚಿಕ್ಕ ತುಂಡುಗಳಿಗೆ ಬೇರೆ ಮಾರ್ಗವುಂಟು: ಮೊದಲು ಲೋಹದ ತೆಳು ಪೊರೆ ಕೂರಿಸಿ, ಆ ಮೇಲೆ ಆಭರಣಕ್ಕೆ ವಿದ್ಯುತ್ತಿನಿಂದ ಮುಲಾಮು ಹಾಕುವಂತೆ ದಪ್ಪ ಮಾಡುವುದು.

ಲೋಹದಿಂದ ಬರುವ ಕಷ್ಟವನ್ನೂ ಹೇಳಬೇಕು. ಒಂದು ಮೀಟರ್ ಸಿಲಿಕವನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಅದು ಹಿಗ್ಗುವುದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು. ಅಲ್ಯೂಮಿನಿಯಂ ಹಿಗ್ಗುವುದು ಎರಡು ಮಿಲಿಮೀಟರಿಗೂ ಹೆಚ್ಚು. ಹೀಗಾಗಿ ಲೇಪ ತಣ್ಣಗಾಗುವಾಗ ಬಹಳವಾಗಿ ಕುಗ್ಗಿ ಗಾಜನ್ನು ಹಿಂಡುತ್ತದೆ. ಎಳೆಯಲ್ಲಿ ಅತಿಸಣ್ಣ ಡೊಂಕುಗಳಾಗಿ ಬೆಳಕು ಸೋರುತ್ತದೆ. ದೂರದ ಸಂದೇಶಕ್ಕೆ ಲೋಹದ ಎಳೆ ಹೇಳಿಸಿದ್ದಲ್ಲ. ಕೆಲವರು ಕೇಬಲ್ಲಿನೊಳಗಿನ ಉಕ್ಕಿನ ತಂತಿಯನ್ನೋ, ಸಮುದ್ರದ ಕೇಬಲ್ಲಿನ ತಾಮ್ರದ ಕೊಳವೆಯನ್ನೋ ಕಂಡು ಇದೇ ಅದೆಂದು ತಿಳಿಯುತ್ತಾರೆ. ಅವು ಎಳೆಗಳ ಗುಂಪಿಗೆ ಹೊರಗಿನ ರಕ್ಷಣೆ ಮತ್ತು ವಿದ್ಯುತ್ತಿನ ದಾರಿ. ನಾವು ಹೇಳುತ್ತಿರುವುದು ಒಂದೊಂದು ಎಳೆಯ ಮೈಗಂಟಿದ ಲೇಪ.

ಸೋಜಿಗವೆಂದರೆ, ಹಿಗ್ಗುವಿಕೆಯ ಇದೇ ವ್ಯತ್ಯಾಸ ಅಳತೆಯ ಕೆಲಸದಲ್ಲಿ ಗುಣವಾಗುತ್ತದೆ. ಎಳೆಯ ತಿರುಳಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಸಮಾನ ಅಂತರದ ಗುರುತುಗಳನ್ನು ಮೂಡಿಸಬಹುದು. ಅವು ಒಂದು ನಿಶ್ಚಿತ ಬಣ್ಣದ ಬೆಳಕನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತವೆ. ಎಳೆ ಹಿಗ್ಗಿದರೆ ಗುರುತುಗಳ ಅಂತರ ಹೆಚ್ಚಿ ಮರಳುವ ಬಣ್ಣ ಬದಲಾಗುತ್ತದೆ. ಅದನ್ನು ಅಳೆದರೆ ಅಲ್ಲಿನ ಕಾವೋ ಜಗ್ಗಾಟವೋ ತಿಳಿಯಿತು. ಆದರೆ ಅತಿಶೀತದಲ್ಲಿ ಬರಿಯ ಗಾಜು ಹಿಗ್ಗಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಲೋಹದ ಲೇಪವಿದ್ದರೆ ಅದು ತನ್ನೊಡನೆ ಗಾಜನ್ನೂ ಎಳೆದಾಡಿ, ಮಂದವಾದ ಮಾಪಕವನ್ನು ಚುರುಕುಗೊಳಿಸುತ್ತದೆ.

ಇನ್ನೊಂದು ಬಗೆಯ ಅಳತೆಗೆ ಮೂಲ 1928ರಲ್ಲಿ ಕಲಕತ್ತೆಯಲ್ಲಿ ಸಿ. ವಿ. ರಾಮನ್ನರು ಕಂಡುಹಿಡಿದ ಪರಿಣಾಮ. ರಾಮನ್ನರು 1933ರಿಂದ ಬೆಂಗಳೂರಿನಲ್ಲಿಯೇ ನೆಲೆಸಿದರೆಂಬುದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಎಳೆಯೊಳಗೆ ಬೆಳಕಿನ ಒಂದು ಮಿಡಿತವನ್ನು ಬಿಟ್ಟರೆ, ದಾರಿಯುದ್ದಕ್ಕೂ ಅದರ ಅತ್ಯಲ್ಪ ಅಂಶ ಬಣ್ಣ ಬದಲಿಸಿ ಚದರಿ ಹಿಂದಕ್ಕೆ ಬರುತ್ತದೆ. ಹೀಗೆ ಬಂದುದರಲ್ಲಿ ಒಂದು ಬಣ್ಣದ ಪ್ರಮಾಣ ಆ ಸ್ಥಳದ ಕಾವಿಗೆ ತಕ್ಕಂತೆ ಏರಿಳಿಯುತ್ತದೆ. ಬರಲು ಹಿಡಿದ ಸಮಯದಿಂದ ಸ್ಥಳ ಗೊತ್ತಾಗುತ್ತದೆ; ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಹೀಗೆ ಒಂದೇ ಎಳೆ ಸಾವಿರಾರು ಥರ್ಮಾಮೀಟರುಗಳ ಕೆಲಸ ಮಾಡಿ, ಸುರಂಗದಲ್ಲಿ ಎಲ್ಲಿ ಬೆಂಕಿ, ಕೊಳವೆಯಲ್ಲಿ ಎಲ್ಲಿ ಸೋರಿಕೆ ಎಂದು ತೋರಿಸುತ್ತದೆ. ಬಹಳ ಕಾವಿನ ಕಡೆ ಇದಕ್ಕೂ ಲೋಹದ ಕವಚ ಬೇಕು.

ಕೆಲವು ಉಪಕರಣಗಳಲ್ಲಿ ಮಾತ್ರ ಲೋಹ ಉದ್ದೇಶಪೂರ್ವಕವಾಗಿ ಬೆಳಕನ್ನು ಮುಟ್ಟುತ್ತದೆ. ಸ್ವಲ್ಪ ಉದ್ದ ಹೊದಿಕೆಯನ್ನು ತೆಗೆದು ತಿರುಳಿನ ಮೇಲೆಯೇ ಚಿನ್ನದ ಪೊರೆ ಕೂರಿಸಿದರೆ, ಅದು ಒಂದು ಬಣ್ಣದ ಬೆಳಕನ್ನು ಹೀರುತ್ತದೆ. ಹೊರಗಿನ ದ್ರವ ಕಿಂಚಿತ್ ಬದಲಾದರೂ ಹೀರುವ ಬಣ್ಣ ಬದಲಾಗುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ 1993ರಲ್ಲಿ ಇಂಥ ಎಳೆಯನ್ನು ಮಾಡಿ ತೋರಿಸಿದರು. ಪೊರೆಯ ದಪ್ಪ ಮೈಕ್ರಾನಿನ ಇಪ್ಪತ್ತನೆಯ ಒಂದು ಪಾಲು ಮಾತ್ರ. ಪೆಲ್ಲೇಡಿಯಂ ಲೋಹಕ್ಕಂತೂ ಜಲಜನಕವನ್ನು ಹೀರಿ ಉಬ್ಬುವ ಗುಣವಿದೆ. ಅದನ್ನು ಲೇಪಿಸಿದ ಎಳೆ ಜಲಜನಕ ತಾಗಿದೊಡನೆ ಉದ್ದವಾಗುತ್ತದೆ. ಇದನ್ನು 1984ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದರು. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ವಿದ್ಯುತ್ ಮಾಪಕದಿಂದಲೇ ಕಿಡಿ ಹಾರುವ ಭಯವಿದೆ. ಎಳೆಯೊಳಗೆ ಹರಿಯುವುದು ಮಂದವಾದ ಬೆಳಕು ಮಾತ್ರವಾದ್ದರಿಂದ ಕಿಡಿಯ ಮಾತೇ ಇಲ್ಲ. ಅಲ್ಲಿ ದುಡಿಯುವವರ ಜೀವಕ್ಕೆ ಇದು ದೊಡ್ಡ ಅಭಯ.

ಕೊನೆಯದಾಗಿ ಜೋಡಣೆಯ ಕೆಲಸ. ಲೇಸರ್ ದೀಪದ ಬೆಳಕನ್ನು 9 ಮೈಕ್ರಾನಿನ ತಿರುಳಿಗೆ ಹಾಯಿಸಬೇಕಾದರೆ ಎಳೆ ಒಂದು ಮೈಕ್ರಾನಿನಷ್ಟೂ ಸರಿಯಬಾರದು. ಅಂಟು ಹಾಕಿದರೆ ಅದು ಕಾಲಕ್ರಮದಲ್ಲಿ ಜಗ್ಗಿ ಎಳೆ ಸರಿಯಬಹುದು; ಅದರಿಂದ ಹೊರಡುವ ಆವಿ ಲೇಸರನ್ನು ಕೆಡಿಸಬಹುದು. ಬೆಸುಗೆ ಹಾಕೋಣವೆಂದರೆ ಬೆಸುಗೆ ಬರಿಗಾಜಿಗೆ ಹಿಡಿಯದು. ಆದುದರಿಂದ ಎಳೆಯ ತುದಿಗೆ ನಿಕ್ಕಲ್ಲಿನ ಪದರ, ಅದರ ಮೇಲೆ ಚಿನ್ನದ ಪದರ ಕೊಟ್ಟು, ಚಿನ್ನ ಮತ್ತು ತವರದ ಮಿಶ್ರಲೋಹದಿಂದ ಬೆಸೆಯುತ್ತಾರೆ. ಈ ಬೆಸುಗೆ ಕರಗುವುದು 280 ಡಿಗ್ರಿಗೆ. ಡಬ್ಬಿಯೊಳಗೆ ಗಾಳಿಯೂ ತೇವವೂ ನುಸುಳದಂತೆ ಮುಚ್ಚಿಹೋಗುತ್ತದೆ. ಸಮುದ್ರದ ತಳದಲ್ಲಿ ವರ್ಷಾನುಗಟ್ಟಲೆ ಯಾರೂ ತೆರೆಯಲಾಗದ ಉಪಕರಣಗಳಿಗೆ ಇಂಥ ಮುಚ್ಚಳವೇ ಆಧಾರ.

ಕೇಬಲ್ ಕೆಲಸಕ್ಕೆ ಸೇರುತ್ತಿರುವ ನಮ್ಮ ತರುಣರಿಗೆ ಎರಡು ಮಾತು. ಬೆಳಕು ಬರುತ್ತಿದೆಯೇ ಎಂದು ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ಎಂದೂ ನೋಡಬಾರದು. ಸಂದೇಶದ ಬೆಳಕು ಕಣ್ಣಿಗೆ ಕಾಣುವಂಥದಲ್ಲ. ಕಾಣಿಸದೆಯೇ ಕಣ್ಣನ್ನು ಕೆಡಿಸಬಲ್ಲದು. ಕತ್ತರಿಸಿದ ಚೂರುಗಳನ್ನು ನೆಲಕ್ಕೆ ಬಿಡದೆ ಡಬ್ಬಿಯಲ್ಲಿ ಹಾಕಬೇಕು. ಚರ್ಮಕ್ಕೆ ಹೊಕ್ಕರೆ ಹುಡುಕಿ ತೆಗೆಯುವುದು ಕಷ್ಟ. ಲೇಪ ಯಾವುದೆಂದು ತಿಳಿಯದೆ ಎಳೆಯನ್ನು ಸುಲಿಯಲೂ ಹೋಗಬಾರದು: ಪ್ಲಾಸ್ಟಿಕ್ಕಿಗೆ ಸಲ್ಲುವ ಇಕ್ಕುಳ ಲೋಹಕ್ಕೆ ಸಲ್ಲದು, ಲೋಹವನ್ನು ತಕ್ಕ ದ್ರಾವಣದಲ್ಲಿ ಕರಗಿಸಿಯೇ ತೆಗೆಯಬೇಕಾಗುತ್ತದೆ. ಬಲವಂತದಿಂದ ಕೆರೆದರೆ ಗಾಜಿಗೆ ಗೀರು ಬೀಳುತ್ತದೆ. ಆ ಗೀರನ್ನು ತಪ್ಪಿಸುವುದಕ್ಕೇ ಅಲ್ಲವೇ ಚಿನ್ನದ ತನಕ ಖರ್ಚು ಮಾಡಿದ್ದು!