ಬಿಟ್ಟುಹೋದ ಬೆಕ್ಕು ಮನೆಗೆ ಬಂದಾಗ: ಮೊದಲ ಎರಡು ವಾರ

ಫಜ್ರ್ ನಮಾಝ್ ಮುಗಿಸಿ ಬರುವಾಗ ನಿಮ್ಮ ಗೇಟಿನ ಬಳಿ ಒಂದು ಪರ್ಷಿಯನ್ ಬೆಕ್ಕು ಮುದುಡಿ ಕುಳಿತಿದೆ ಎಂದುಕೊಳ್ಳಿ. ಉದ್ದ ಕೂದಲು ಗಂಟುಗಟ್ಟಿದೆ, ಕಣ್ಣಲ್ಲಿ ಗೀಜು ತುಂಬಿದೆ, ಹಿಂಗಾಲು ಎಳೆಯುತ್ತಿದೆ. ಇಂಥ ಬೆಕ್ಕು ಸಾಮಾನ್ಯವಾಗಿ ಬೀದಿಯಲ್ಲಿ ಹುಟ್ಟಿದ್ದಲ್ಲ. ಯಾರೋ ಹಣ ಕೊಟ್ಟು ತಂದು, ಮನೆ ಬದಲಾಯಿಸುವಾಗಲೋ ಕಾಯಿಲೆ ಬಂದಾಗಲೋ ಬಿಟ್ಟುಹೋದದ್ದು. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ನೀರಡಿಕೆಗೆ ಸಿಲುಕುವಂತೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬೆಕ್ಕನ್ನು ಕಟ್ಟಿಹಾಕಿ, ಅನ್ನವನ್ನೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಗೆ ಒದಗಿದ ಶಿಕ್ಷೆಯ ಕುರಿತ ಹದೀಸ್ ನಮಗೆಲ್ಲ ಗೊತ್ತೇ ಇದೆ.

ಆದರೆ ಕರುಣೆಯಿಂದ ಎತ್ತಿಕೊಂಡರಷ್ಟೇ ಸಾಲದು. ತಪ್ಪು ಆರೈಕೆಯಿಂದಲೂ ಬೆಕ್ಕು ಸಾಯುತ್ತದೆ, ಮನೆಯ ಮಕ್ಕಳಿಗೂ ರೋಗ ತಗಲಬಹುದು. ಮೊದಲ ಎರಡು ವಾರದ ಶಿಸ್ತು ಇಬ್ಬರನ್ನೂ ಕಾಪಾಡುತ್ತದೆ.

ಪ್ರತ್ಯೇಕ ಜಾಗ

ಬೆಕ್ಕನ್ನು ಒಂದು ದಪ್ಪ ಟವೆಲ್‌ನಲ್ಲಿ ಸುತ್ತಿ ಎತ್ತಿ. ಒಂದು ಚಿಕ್ಕ ಕೋಣೆ ಅಥವಾ ಬಳಸದ ಬಚ್ಚಲಿನಲ್ಲಿ ಹಳೆಯ ಬಟ್ಟೆ, ನೀರು ಮತ್ತು ಮರಳಿನ ತಟ್ಟೆ ಇಟ್ಟು, 14 ದಿನ ಮನೆಯ ಇತರ ಬೆಕ್ಕುಗಳಿಂದ ದೂರವಿಡಿ. ಮರಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವ ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ರೋಗದಲ್ಲಿ ವಾಂತಿ, ಭೇದಿ, ಜ್ವರ ಕಾಣಿಸುತ್ತವೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೆಕ್ಕನ್ನು ಬೇರೆಡೆಗೆ ಸರಿಸಿ, 1 ಪಾಲು ಬ್ಲೀಚ್‌ಗೆ 32 ಪಾಲು ನೀರು ಸೇರಿಸಿ ನೆಲ ಒರೆಸಿ, ಹತ್ತು ನಿಮಿಷ ಬಿಟ್ಟು ತೊಳೆದು ಒಣಗಿಸಿ. ಫಿನೈಲ್, ಡೆಟಾಲ್ ಬಳಸಬೇಡಿ. ಬೆಕ್ಕು ತನ್ನ ಪಾದ ನೆಕ್ಕಿಕೊಳ್ಳುವುದರಿಂದ ಅವು ಅದಕ್ಕೆ ವಿಷ.

ಇವನ್ನು ಕೊಡಬೇಡಿ

ಜ್ವರವೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನಾಯಿಗೆ ಹಚ್ಚುವ ಉಣ್ಣೆಯ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಮಾರಕ. ಹಸುವಿನ ಹಾಲಿನಿಂದ ಅನೇಕ ಬೆಕ್ಕುಗಳಿಗೆ ಭೇದಿಯಾಗುತ್ತದೆ. ಉಳಿದ ಬಿರಿಯಾನಿಯೂ ಬೇಡ. ಅದರಲ್ಲಿನ ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಹಾಳುಮಾಡುತ್ತವೆ, ಬೆಂದ ಮೂಳೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಚಿಕ್ಕದಾಗಿ ಬಿಡಿಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಕೊಡಿ. ಎರಡು-ಮೂರು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಒಂದು ದಿನ ಊಟ ಬಿಟ್ಟರೂ ವೈದ್ಯರ ಬಳಿ ಹೋಗಿ. ಗಂಡು ಬೆಕ್ಕು ಮೂತ್ರಕ್ಕೆ ಮುಕ್ಕಿದರೂ ಹನಿ ಬರದಿದ್ದರೆ ಅದೇ ದಿನ ಹೋಗಬೇಕು.

ಹಿಂಗಾಲು ಬಾರದ ಬೆಕ್ಕು

ಬಾಲ್ಕನಿಯಿಂದ ಬಿದ್ದೋ ವಾಹನ ತಗಲಿಯೋ ಬೆನ್ನುಹುರಿಗೆ ಪೆಟ್ಟಾಗಿರಬಹುದು. ಎತ್ತುವಾಗ ರಟ್ಟಿನ ಮೇಲೆ ಮಲಗಿಸಿ ಸಾಗಿಸಿ. ಇಂಥ ಬೆಕ್ಕು ಎಷ್ಟೋ ಸಲ ತಾನಾಗಿ ಮೂತ್ರ ಮಾಡಲಾರದು. ಹೊಟ್ಟೆ ಒತ್ತಿ ದಿನಕ್ಕೆ ಎರಡು-ಮೂರು ಬಾರಿ ಮೂತ್ರ ತೆಗೆಯುವ ಕ್ರಮವನ್ನು ವೈದ್ಯರು ಕಲಿಸಿಕೊಡುತ್ತಾರೆ. ಕಲಿಯದೆ ಒತ್ತಬೇಡಿ. ಹಾಸಿಗೆ ಮೆತ್ತಗಿರಲಿ, ಒದ್ದೆಯಾದ ಕೂಡಲೇ ಬದಲಿಸಿ, ಇಲ್ಲದಿದ್ದರೆ ಹುಣ್ಣಾಗುತ್ತದೆ. ಹೀಗೆ ನೋಡಿಕೊಂಡರೆ ನಡೆಯಲಾರದ ಬೆಕ್ಕೂ ನೆಮ್ಮದಿಯಿಂದ ವರ್ಷಗಟ್ಟಲೆ ಬಾಳಬಲ್ಲದು.

ಮನೆಯವರ ಆರೋಗ್ಯ ಮತ್ತು ಶುದ್ಧಿ

ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಿ. ಬೆಕ್ಕಿನ ಮೈಮೇಲೆ ಕೂದಲುದುರಿದ ದುಂಡನೆಯ ಮಚ್ಚೆಗಳಿದ್ದರೆ ಅದು ಹುಳುಕಡ್ಡಿಯಾಗಿರಬಹುದು, ಮಕ್ಕಳನ್ನು ದೂರವಿಡಿ. ಗರ್ಭಿಣಿಯರು ಮರಳಿನ ತಟ್ಟೆ ಮುಟ್ಟದಿರಲಿ. ಮಲದಲ್ಲಿರಬಹುದಾದ ಟಾಕ್ಸೋಪ್ಲಾಸ್ಮಾ ಜೀವಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಅದು ಸೋಂಕು ಹರಡುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕಾಗುವುದರಿಂದ ಮನೆಯ ಬೇರೆಯವರು ತಟ್ಟೆಯನ್ನು ದಿನವೂ ಶುಚಿ ಮಾಡಿ ಕೈ ತೊಳೆದರೆ ಅಪಾಯ ಬಹಳ ಕಡಿಮೆಯಾಗುತ್ತದೆ.

ಬೆಕ್ಕು ಮನೆಯಲ್ಲಿದ್ದರೆ ನಮಾಝಿಗೆ ತೊಂದರೆಯೇ ಎಂಬ ಆತಂಕ ಕೆಲವರದು. ಬೆಕ್ಕು ನಜಸ್ ಅಲ್ಲ, ಅದು ನಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ)ರು ತಿಳಿಸಿದ್ದನ್ನು ಅಬೂ ಕತಾದ(ರ)ರು ವರದಿ ಮಾಡಿದ್ದಾರೆ. ಅವರು ವುಝೂ ನೀರಿನ ಪಾತ್ರೆಯನ್ನೇ ಬೆಕ್ಕಿಗೆ ಬಾಗಿಸಿ ಕುಡಿಸಿದ್ದರು. ಆದರೆ ಅದರ ಮಲಮೂತ್ರ ಬಟ್ಟೆಗೆ, ಮುಸಲ್ಲಾಗೆ ತಗಲಿದರೆ ತೊಳೆಯಲೇಬೇಕು.

ಎಲ್ಲಿಗೆ ಕರೆದೊಯ್ಯುವುದು?

ಉಲ್ಲಾಳದವರು ಹತ್ತಿರದ ಪಶುವೈದ್ಯರಿಗೆ ಮೊದಲು ತೋರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಮತ್ತು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇವೆ. ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆ ಇರುವುದು ವನ್ಯಜೀವಿಗಳಿಗೆ. ಗಾಯಗೊಂಡ ಮುಂಗುಸಿ, ಹದ್ದು, ಅಳಿಲು ಸಿಕ್ಕರೆ ಅಲ್ಲಿಗೆ ತಿಳಿಸಿ, ಸಾಕುಬೆಕ್ಕನ್ನು ಅಲ್ಲಿಗೆ ಒಯ್ದು ಹೊತ್ತು ಕಳೆಯಬೇಡಿ.

ಚೇತರಿಸಿಕೊಂಡ ಬೆಕ್ಕಿಗೆ ವೈದ್ಯರು ಹೇಳಿದಂತೆ ಲಸಿಕೆ, ಜಂತಿನ ಔಷಧಿ ಕೊಡಿಸಿ. ನಿಮ್ಮಿಂದ ಸಾಕಲು ಆಗದಿದ್ದರೆ ಪರಿಚಯದ ಮನೆಯೊಂದನ್ನು ಹುಡುಕಿ ಒಪ್ಪಿಸಿ. ಇನ್ನು, ಮಕ್ಕಳು ಹಠ ಮಾಡಿದರೆಂದು ಪರ್ಷಿಯನ್ ಮರಿ ಕೊಳ್ಳಲು ಹೊರಟಿದ್ದರೆ ಸ್ವಲ್ಪ ನಿಲ್ಲಿ. ದಿನವೂ ಕೂದಲು ಬಾಚಿ, ಕಣ್ಣೊರೆಸಿ, ಹತ್ತು ಹದಿನೈದು ವರ್ಷ ನೋಡಿಕೊಳ್ಳಬೇಕಾದ ಅಮಾನತ್ತು ಅದು. ಅಷ್ಟು ಸಾಧ್ಯವೇ ಎಂದು ಮನೆಮಂದಿ ಕೂತು ಮಾತಾಡಿದ ಮೇಲೆ ತನ್ನಿ. ಗೇಟಿನ ಬಳಿ ಮುದುಡಿ ಕೂರುವ ಬೆಕ್ಕುಗಳ ಸಂಖ್ಯೆ ಕಡಿಮೆಯಾಗುವುದು ಹಾಗೆಯೇ.