ಕಡತವೃಕ್ಷದ ಆಮೂಲಾಗ್ರ ಪಟ್ಟಿ

೧. ವಿಷಯಪ್ರವೇಶ

ಗ್ರಂಥಭಂಡಾರದ ಬೆಲೆಯು ಅದರಲ್ಲಿರುವ ಗ್ರಂಥಗಳಿಂದ ಎಷ್ಟು ಗೊತ್ತಾಗುವುದೋ, ಆ ಗ್ರಂಥಗಳ ಪಟ್ಟಿಯಿಂದಲೂ ಬಹುಮಟ್ಟಿಗೆ ಅಷ್ಟೇ ಗೊತ್ತಾಗುವುದು. ಪಟ್ಟಿಯಲ್ಲಿ ಕಾಣದ ಪುಸ್ತಕವು ಕಪಾಟಿನಲ್ಲಿದ್ದರೂ ಓದುಗನ ಪಾಲಿಗೆ ಇಲ್ಲದಂತೆಯೇ ಸರಿ. ಓಲೆಯ ಪ್ರತಿಗಳ ಮತ್ತು ಮುದ್ರಿತ ಗ್ರಂಥಗಳ ಛಾಯಾಪ್ರತಿಗಳು ಕಂಪ್ಯೂಟರುಗಳಲ್ಲಿ ಶೇಖರವಾಗುತ್ತಿರುವ ಈ ಕಾಲದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಏತಕ್ಕೆಂದರೆ, ಕಪಾಟಿನ ಮುಂದೆ ನಿಂತು ಕಣ್ಣಾಡಿಸುವ ಅವಕಾಶವು ದೂರದಲ್ಲಿರುವ ಸರ್ವರನ್ನು ಬಳಸುವವನಿಗೆ ಇಲ್ಲ. ಅವನಿಗೆ ಪಟ್ಟಿಯೇ ಕಣ್ಣು.

ಈ ಪಟ್ಟಿಯನ್ನು ಕೈಯಿಂದ ಬರೆದಿಡುವುದು ಸಾಧ್ಯವಾದರೂ ಸಾಧುವಲ್ಲ. ಇಂದು ಬರೆದುದು ನಾಳೆ ಒಂದು ಕಡತವು ಸೇರಿದೊಡನೆ ಹಳತಾಗುತ್ತದೆ. ಆದುದರಿಂದ ಓದುಗನು ಕೇಳಿದ ಗಳಿಗೆಯಲ್ಲಿಯೇ ಸರ್ವರಿನಲ್ಲಿ ನಡೆದು, ಅಲ್ಲಿರುವ ಫೋಲ್ಡರುಗಳನ್ನೂ ಕಡತಗಳನ್ನೂ ಬುಡದಿಂದ ತುದಿಯವರೆಗೆ ಶೋಧಿಸಿ, ಪಟ್ಟಿಯನ್ನು ರಚಿಸಿಕೊಡುವ ಸ್ಕ್ರಿಪ್ಟುಗಳು ಬಳಕೆಗೆ ಬಂದಿವೆ. ಇಂಥ ಸ್ಕ್ರಿಪ್ಟಿನ ಮೂಲವಿಧಿಯು ಹತ್ತು ಹನ್ನೆರಡು ಪಂಕ್ತಿಗಳನ್ನು ಮೀರದು. ಆದರೆ ಆ ವಿಧಿಯು ಕೊಟ್ಟ ಪಟ್ಟಿಯನ್ನು ಪೂರ್ಣವೆಂದು ನಂಬಬಹುದೇ ಎಂಬ ಪ್ರಶ್ನೆಯು ಅಷ್ಟು ಸುಲಭವಾದುದಲ್ಲ. ಪ್ರಕೃತ ಲೇಖನದಲ್ಲಿ ಮೊದಲು ವಿಧಿಯನ್ನೂ ಅನಂತರ ಈ ಪ್ರಶ್ನೆಯನ್ನೂ ವಿವೇಚಿಸಲಾಗಿದೆ. ಉದಾಹರಣೆಗೆ ಪಿಎಚ್‌ಪಿ ಭಾಷೆಯನ್ನು ಆರಿಸಿಕೊಂಡಿದೆ. ರಾಸ್ಮಸ್ ಲೆರ್ಡಾರ್ಫ್ ಎಂಬವನು ೧೯೯೫ರಲ್ಲಿ ಪ್ರಕಟಪಡಿಸಿದ ಈ ಭಾಷೆಯು ಸರ್ವರಿನಲ್ಲಿ ನಡೆಯುವ ಸ್ಕ್ರಿಪ್ಟುಗಳಿಗಾಗಿಯೇ ಬೆಳೆದುಬಂದುದು.

೨. ವೃಕ್ಷದ ರಚನೆ

ಕಡತಗಳನ್ನು ಫೋಲ್ಡರುಗಳಲ್ಲಿಯೂ ಆ ಫೋಲ್ಡರುಗಳನ್ನು ಬೇರೆ ಫೋಲ್ಡರುಗಳಲ್ಲಿಯೂ ಇರಿಸುವ ಏರ್ಪಾಡು ಇಂದು ಸಹಜವೆಂದು ತೋರಿದರೂ ಅದಕ್ಕೊಂದು ಚರಿತ್ರೆಯುಂಟು. ೧೯೬೫ರಲ್ಲಿ ಡೇಲಿ ಮತ್ತು ನ್ಯೂಮನ್ ಎಂಬವರು ಮಲ್ಟಿಕ್ಸ್ ಎಂಬ ವ್ಯವಸ್ಥೆಯ ಸಂಬಂಧವಾಗಿ ಮಂಡಿಸಿದ ಪ್ರಬಂಧದಲ್ಲಿ ಈ ವೃಕ್ಷರೂಪದ ವಿನ್ಯಾಸವು ನಿರೂಪಿತವಾಯಿತು. ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಟಾಮ್ಸನ್, ಡೆನ್ನಿಸ್ ರಿಚಿ ಮೊದಲಾದವರಿಂದ ಆರಂಭವಾದ ಯೂನಿಕ್ಸ್ ವ್ಯವಸ್ಥೆಯು ಅದನ್ನು ಸರಳಗೊಳಿಸಿ ಲೋಕಪ್ರಸಿದ್ಧವನ್ನಾಗಿ ಮಾಡಿತು.

ಯೂನಿಕ್ಸಿನಲ್ಲಿ ಫೋಲ್ಡರು ಎಂಬುದೂ ಒಂದು ಬಗೆಯ ಕಡತವೇ. ೧೯೭೯ರ ಏಳನೆಯ ಆವೃತ್ತಿಯಲ್ಲಿ ಫೋಲ್ಡರಿನ ಒಂದೊಂದು ನಮೂದಿಗೂ ೧೬ ಬೈಟುಗಳು ಮೀಸಲಾಗಿದ್ದುವು. ಅವುಗಳಲ್ಲಿ ೨ ಬೈಟುಗಳು ಕಡತದ ಕ್ರಮಾಂಕಕ್ಕೆ, ಉಳಿದ ೧೪ ಅದರ ಹೆಸರಿಗೆ. ಅದಕ್ಕಿಂತ ಹೆಚ್ಚಿನ ಸಂಗತಿಯಾವುದೂ ಅಲ್ಲಿ ಬರೆದಿರುತ್ತಿರಲಿಲ್ಲ. ಮುಂದೆ ಹೆಸರಿನ ಉದ್ದವು ಹೆಚ್ಚಿದರೂ ಈ ತತ್ತ್ವವು ಹಾಗೆಯೇ ಉಳಿದುಬಂದಿದೆ. ಇದರ ಫಲವು ಗಮನಾರ್ಹವಾದುದು. ಫೋಲ್ಡರು ತನ್ನ ಮಕ್ಕಳನ್ನು ಮಾತ್ರ ಬಲ್ಲುದು, ಮೊಮ್ಮಕ್ಕಳನ್ನು ಅರಿಯದು. ಇಡಿಯ ವೃಕ್ಷದ ಪಟ್ಟಿಯು ಒಂದೆಡೆಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಅದು ಬೇಕಾದವನು ಕೊಂಬೆಯಿಂದ ಕೊಂಬೆಗೆ ತಾನೇ ಹತ್ತಿ ನೋಡಬೇಕು.

೩. ಸ್ವಾವರ್ತನ ವಿಧಿ

ಹೀಗೆ ಹತ್ತಿ ನೋಡುವ ಕ್ರಮಕ್ಕೆ ರಿಕರ್ಷನ್ ಎಂದು ಹೆಸರು. ವಿಧಿಯೊಂದು ತನ್ನ ಕಾರ್ಯದ ನಡುವೆ ತನ್ನನ್ನೇ ಮರಳಿ ಕರೆದುಕೊಳ್ಳುವುದರಿಂದ ಇದನ್ನು ಸ್ವಾವರ್ತನವೆಂದು ಹೇಳಬಹುದು. ವಿಧಿಯ ಸ್ವರೂಪವು ಹೀಗಿದೆ:

(ಅ) ಕೊಟ್ಟ ಫೋಲ್ಡರನ್ನು ತೆರೆದು ಅದರಲ್ಲಿರುವ ಹೆಸರುಗಳನ್ನು ಓದತಕ್ಕದ್ದು.
(ಆ) ಒಂದೊಂದು ಹೆಸರನ್ನೂ ಪಟ್ಟಿಯಲ್ಲಿ ಬರೆಯತಕ್ಕದ್ದು.
(ಇ) ಆ ಹೆಸರು ಫೋಲ್ಡರಿನದಾದರೆ ಅದಕ್ಕೂ ಇದೇ ವಿಧಿಯನ್ನು ಮೊದಲಿನಿಂದ ಅನ್ವಯಿಸತಕ್ಕದ್ದು. ಕಡತವಾದರೆ ಮುಂದಿನ ಹೆಸರಿಗೆ ಹೋಗತಕ್ಕದ್ದು.

ಗ್ರಂಥ ಎಂಬ ಫೋಲ್ಡರೊಂದನ್ನು ಊಹಿಸಿಕೊಳ್ಳಬಹುದು. ಅದರೊಳಗೆ ಕಾವ್ಯ, ವ್ಯಾಕರಣ ಎಂಬ ಎರಡು ಫೋಲ್ಡರುಗಳೂ ಸೂಚಿ ಎಂಬ ಕಡತವೂ ಇರಲಿ. ಕಾವ್ಯದೊಳಗೆ ಪಂಪ, ರನ್ನ ಎಂಬ ಫೋಲ್ಡರುಗಳು, ಪಂಪದಲ್ಲಿ ಆದಿಪುರಾಣ, ವಿಕ್ರಮಾರ್ಜುನವಿಜಯ ಎಂಬ ಕಡತಗಳು, ರನ್ನದಲ್ಲಿ ಗದಾಯುದ್ಧ, ವ್ಯಾಕರಣದಲ್ಲಿ ಶಬ್ದಮಣಿದರ್ಪಣ. ವಿಧಿಯು ಗ್ರಂಥವನ್ನು ತೆರೆದು ಮೊದಲು ಕಾವ್ಯವನ್ನು ಕಾಣುತ್ತದೆ. ಅದು ಫೋಲ್ಡರಾದುದರಿಂದ, ವ್ಯಾಕರಣವನ್ನು ಹಾಗೆಯೇ ನಿಲ್ಲಿಸಿ, ಕಾವ್ಯದೊಳಕ್ಕೂ ಅಲ್ಲಿಂದ ಪಂಪದೊಳಕ್ಕೂ ಇಳಿಯುತ್ತದೆ. ಪಂಪದ ಎರಡು ಕಡತಗಳೂ ಮುಗಿದಮೇಲೆ ಹಿಂದಿರುಗಿ ರನ್ನಕ್ಕೆ, ಅದು ಮುಗಿದಮೇಲೆ ವ್ಯಾಕರಣಕ್ಕೆ, ಕೊನೆಗೆ ಸೂಚಿಗೆ ಬರುತ್ತದೆ. ಒಟ್ಟು ೫ ಫೋಲ್ಡರುಗಳಿರುವುದರಿಂದ ವಿಧಿಯು ೫ ಸಲ ಕರೆಯಲ್ಪಟ್ಟಿತು; ಆದರೆ ಒಂದೇ ಕಾಲದಲ್ಲಿ ಮುಗಿಯದೆ ನಿಂತಿದ್ದ ಕರೆಗಳು ೩ನ್ನು ಮೀರಲಿಲ್ಲ. ಎಂದರೆ, ಶ್ರಮವು ವೃಕ್ಷದ ಗಾತ್ರವನ್ನೂ, ನೆನಪಿನಲ್ಲಿಡಬೇಕಾದ ಕರೆಗಳು ಅದರ ಆಳವನ್ನೂ ಅನುಸರಿಸುತ್ತವೆ.

ಈ ಕ್ರಮವು ಕಂಪ್ಯೂಟರಿಗಿಂತಲೂ ಹಳೆಯದು. ಚಕ್ರವ್ಯೂಹದಂಥ ದಾರಿಗಳಲ್ಲಿ ತಪ್ಪದೆ ಎಲ್ಲ ಓಣಿಗಳನ್ನೂ ಸುತ್ತಿ ಹೊರಬರಲು ಟ್ರೆಮೋ ಎಂಬ ಫ್ರೆಂಚ್ ಎಂಜಿನಿಯರನು ಕಂಡುಹಿಡಿದ ಉಪಾಯವನ್ನು ಲ್ಯೂಕಾ ಎಂಬ ಗಣಿತಜ್ಞನು ೧೮೮೨ರಲ್ಲಿ ಪ್ರಕಟಿಸಿದನು. ಹೋದ ದಾರಿಗೆ ಗುರುತು ಹಾಕುವುದು, ಮುಂದೆ ದಾರಿಯಿಲ್ಲದಿದ್ದರೆ ಬಂದ ದಾರಿಯಲ್ಲಿಯೇ ಹಿಂದಿರುಗುವುದು—ಇವೇ ಅದರ ಸಾರ. ಈ ಗುರುತಿನ ಅಗತ್ಯವು ಮುಂದಿನ ಭಾಗದಲ್ಲಿ ವ್ಯಕ್ತವಾಗುತ್ತದೆ.

೪. ಎಂದೂ ಮುಗಿಯದ ನಡಿಗೆ

ಮೇಲ್ಕಂಡ ವಿಧಿಯನ್ನು ಇದ್ದಂತೆಯೇ ನಡೆಯಿಸಿದರೆ ಅದು ಮೊದಲನೆಯ ಹೆಜ್ಜೆಯಲ್ಲಿಯೇ ಸಿಕ್ಕಿಬೀಳುವುದು. ಏತಕ್ಕೆಂದರೆ ಪ್ರತಿಯೊಂದು ಫೋಲ್ಡರಿನಲ್ಲಿಯೂ ಯಾರೂ ಇಡದ ಎರಡು ನಮೂದುಗಳಿರುತ್ತವೆ: ಒಂದು ಚುಕ್ಕೆ ಮತ್ತು ಎರಡು ಚುಕ್ಕೆ. ಮೊದಲನೆಯದಕ್ಕೆ ಆ ಫೋಲ್ಡರೇ ಎಂದೂ, ಎರಡನೆಯದಕ್ಕೆ ಅದರ ತಾಯಿಫೋಲ್ಡರು ಎಂದೂ ಅರ್ಥ. ಹೆಸರುಗಳನ್ನು ಒಟ್ಟಿಗೆ ಓದಿಕೊಡುವ ಸ್ಕ್ಯಾನ್‌ಡಿರ್ ಎಂಬ ಪಿಎಚ್‌ಪಿ ಸಾಧನವು ಇವನ್ನೂ ಸೇರಿಸಿಯೇ ಕೊಡುತ್ತದೆ. ಇವನ್ನು ಬಿಡದಿದ್ದರೆ ವಿಧಿಯು ತನ್ನೊಳಗೆ ತಾನೇ ಇಳಿಯುತ್ತಲೂ, ಮೇಲಕ್ಕೆ ಹೋಗಿ ತಾನು ನೋಡಬಾರದ ಫೋಲ್ಡರುಗಳಲ್ಲಿ ಅಲೆಯುತ್ತಲೂ ಇರುವುದು.

ಎರಡನೆಯ ಅಡ್ಡಿಯು ಸಾಂಕೇತಿಕ ಕೊಂಡಿ. ಬರ್ಕಲಿಯ ಯೂನಿಕ್ಸಿನಲ್ಲಿ ೧೯೮೩ರ ೪.೨ನೆಯ ಬಿಡುಗಡೆಯೊಡನೆ ಬಂದ ಈ ಕೊಂಡಿಯು ಬೇರೊಂದು ದಾರಿಯನ್ನು ತೋರಿಸುವ ಕೈಮರದಂತಿರುತ್ತದೆ. ಪಂಪ ಎಂಬ ಫೋಲ್ಡರಿನೊಳಗೆ ಗ್ರಂಥವನ್ನೇ ತೋರಿಸುವ ಕೊಂಡಿಯೊಂದಿದ್ದರೆ ವೃಕ್ಷವು ವೃಕ್ಷವಾಗಿ ಉಳಿಯದೆ ಚಕ್ರವಾಗುತ್ತದೆ. "ಇದು ಫೋಲ್ಡರೇ?" ಎಂದು ಪಿಎಚ್‌ಪಿಯನ್ನು ಕೇಳಿದರೆ, ಅದು ಕೊಂಡಿಯನ್ನು ನೋಡದೆ ಕೊಂಡಿಯು ತೋರಿಸುವ ಗುರಿಯನ್ನು ನೋಡಿ, ಹೌದೆನ್ನುತ್ತದೆ. ಲಿನಕ್ಸ್ ವ್ಯವಸ್ಥೆಯು ಒಂದು ದಾರಿಯಲ್ಲಿ ೪೦ಕ್ಕಿಂತ ಹೆಚ್ಚು ಕೊಂಡಿಗಳನ್ನು ಅನುಸರಿಸಲು ಒಪ್ಪದಿರುವುದರಿಂದ ಒಂದೇ ಕೊಂಡಿಯ ಚಕ್ರವು ಹೇಗೋ ಕೊನೆಗಾಣುವುದು. ಆದರೆ ಅಂಥ ಕೊಂಡಿಗಳು ಎರಡಿದ್ದರೆ ಸುತ್ತುಸುತ್ತಿಗೂ ದಾರಿಗಳು ಇಮ್ಮಡಿಯಾಗುತ್ತ, ೪೦ನೆಯ ಸುತ್ತಿನಲ್ಲಿ ಒಂದು ಲಕ್ಷ ಕೋಟಿಯನ್ನು ಮೀರುತ್ತವೆ. ಆದುದರಿಂದ ಫೋಲ್ಡರೇ ಎಂದು ಕೇಳುವ ಮೊದಲು ಕೊಂಡಿಯೇ ಎಂದು ಕೇಳಿ, ಕೊಂಡಿಯಾದರೆ ಹೆಸರನ್ನು ಮಾತ್ರ ಬರೆದು ಒಳಗೆ ಇಳಿಯದಿರುವುದು ಲೇಸು. ಇಳಿಯಲೇಬೇಕಾದರೆ, ನೋಡಿದ ಫೋಲ್ಡರುಗಳ ಕ್ರಮಾಂಕಗಳನ್ನು ಟ್ರೆಮೋವಿನ ಗುರುತಿನಂತೆ ನೆನಪಿಟ್ಟುಕೊಳ್ಳತಕ್ಕದ್ದು.

೫. ಮೌನವಾದ ಲೋಪಗಳು

ಮುಗಿಯದ ನಡಿಗೆಯು ದೊಡ್ಡ ದೋಷವಾದರೂ ಅದು ತಾನಾಗಿಯೇ ಬಯಲಾಗುತ್ತದೆ. ಅದಕ್ಕಿಂತ ಅಪಾಯಕರವಾದುದು ಬೇಗ ಮುಗಿದ ನಡಿಗೆ. ಅಲ್ಲಿ ಪಟ್ಟಿಯು ಅಚ್ಚುಕಟ್ಟಾಗಿ ಕಾಣುವುದು. ಕೊರತೆಯು ಮಾತ್ರ ಕಾಣದು.

ಮೊದಲನೆಯದಾಗಿ, ಹೆಸರುಗಳನ್ನು ಒಂದೊಂದಾಗಿ ಓದುವ ರೀಡ್‌ಡಿರ್ ಎಂಬ ಸಾಧನವು ಹೆಸರುಗಳು ತೀರಿದಾಗ "ಇಲ್ಲ" ಎಂಬ ಉತ್ತರವನ್ನು ಕೊಡುತ್ತದೆ. ಪಿಎಚ್‌ಪಿಯು ಸೊನ್ನೆಯೊಂದೇ ಇರುವ ಹೆಸರನ್ನೂ "ಇಲ್ಲ" ಎಂಬುದಕ್ಕೆ ಸಮಾನವಾಗಿ ಎಣಿಸುವುದುಂಟು. ಆದುದರಿಂದ ಹೋಲಿಕೆಯನ್ನು ಕಟ್ಟುನಿಟ್ಟಾಗಿ ಮಾಡದಿದ್ದರೆ, ೦ ಎಂದು ಅಂತರರಾಷ್ಟ್ರೀಯ ಅಂಕಿಯಲ್ಲಿ ಹೆಸರಿಟ್ಟ ಕಡತವು ಎದುರಾದೊಡನೆ ಓದು ನಿಂತುಹೋಗಿ, ಅದರ ಮುಂದಿನ ಹೆಸರುಗಳೆಲ್ಲ ಪಟ್ಟಿಯಿಂದ ಜಾರಿಹೋಗುತ್ತವೆ.

ಎರಡನೆಯದು ಅನುಮತಿಯ ವಿಚಾರ. ಯೂನಿಕ್ಸಿನ ಫೋಲ್ಡರಿಗೆ ಹೆಸರುಗಳನ್ನು ಓದುವ ಅನುಮತಿಯೂ ಒಳಗೆ ಪ್ರವೇಶಿಸುವ ಅನುಮತಿಯೂ ಬೇರೆ ಬೇರೆ. ಮೊದಲನೆಯದಿಲ್ಲದಿದ್ದರೆ ಸ್ಕ್ಯಾನ್‌ಡಿರ್ ವಿಫಲವಾಗುತ್ತದೆ. ಎಚ್ಚರಿಕೆಯ ಮಾತನ್ನು ಅಡಗಿಸುವ ಅಭ್ಯಾಸವಿರುವ ಸ್ಕ್ರಿಪ್ಟಿನಲ್ಲಿ ಆ ಫೋಲ್ಡರು ಬರಿದಾದುದೆಂಬಂತೆ ತೋರುವುದು. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ವಂಚನೆಯು ಇನ್ನೂ ಸೂಕ್ಷ್ಮ: ಹೆಸರುಗಳೇನೋ ಬರುತ್ತವೆ, ಆದರೆ ಅವು ಫೋಲ್ಡರುಗಳೇ ಎಂಬ ಪ್ರಶ್ನೆಗೆ ಅಲ್ಲವೆಂಬ ಉತ್ತರವೇ ದೊರೆಯುವುದು. ಆಗ ಫೋಲ್ಡರುಗಳು ಕಡತಗಳ ವೇಷದಲ್ಲಿ ಪಟ್ಟಿಗೆ ಸೇರಿ, ಅವುಗಳೊಳಗಿನ ವಸ್ತುವೆಲ್ಲ ಮರೆಯಾಗುತ್ತದೆ.

ಮೂರನೆಯದು ಕಾಲದ ಮಿತಿ. ಪಿಎಚ್‌ಪಿಯ ಸ್ಕ್ರಿಪ್ಟಿಗೆ ಬೇರೆಯಾಗಿ ಏನೂ ಹೇಳದಿದ್ದರೆ ೩೦ ಸೆಕೆಂಡುಗಳ ಅವಧಿಯುಂಟು. ಅದು ಮೀರಿದರೆ ನಡಿಗೆಯು ಅರ್ಧದಲ್ಲಿ ಕಡಿದುಹೋಗುವುದು.

ಗ್ರಂಥಸಂಪಾದಕರು ಓಲೆಯು ಮುರಿದೆಡೆಯಲ್ಲಿ ಗ್ರಂಥಪಾತವೆಂದು ಗುರುತಿಸಿ ಮುಂದುವರಿಯುತ್ತಾರೆ. ಮುರಿದ ಎರಡು ಅಂಚುಗಳನ್ನು ಸೇರಿಸಿ ಅಖಂಡವೆಂಬಂತೆ ಅಚ್ಚುಹಾಕುವುದಿಲ್ಲ. ಪಟ್ಟಿಮಾಡುವ ಸ್ಕ್ರಿಪ್ಟಿಗೂ ಇದೇ ಧರ್ಮವು ಸಲ್ಲಬೇಕು. ತೆರೆಯಲಾಗದ ಫೋಲ್ಡರಿನ ಎದುರಿಗೆ "ಓದಲಾಗಲಿಲ್ಲ" ಎಂದು ಬರೆಯತಕ್ಕದ್ದು. ಲಿಪಿಕಾರನ ಸಮಾಪ್ತಿವಾಕ್ಯದಂತೆ ಪಟ್ಟಿಯ ಕೊನೆಯಲ್ಲಿ ಫೋಲ್ಡರುಗಳಿಷ್ಟು, ಕಡತಗಳಿಷ್ಟು, ಓದಲಾಗದವು ಇಷ್ಟು ಎಂದು ಎಣಿಕೆಯನ್ನು ಕೊಡತಕ್ಕದ್ದು. ಆ ವಾಕ್ಯವಿಲ್ಲದ ಪಟ್ಟಿಯು ಅಪೂರ್ಣವೆಂದು ಓದುಗನು ಒಡನೆಯೇ ತಿಳಿಯಬಹುದು.

೬. ಅಧಿಕವಾಗಿ ತೋರುವ ದೋಷ

ಕಡಿಮೆ ತೋರಿಸುವಂತೆಯೇ ಹೆಚ್ಚು ತೋರಿಸುವುದೂ ದೋಷವೇ. ಯಾವ ಫೋಲ್ಡರಿನ ಪಟ್ಟಿ ಬೇಕೆಂದು ಓದುಗನೇ ಸೂಚಿಸುವ ಅವಕಾಶವಿದ್ದಲ್ಲಿ, ಎರಡು ಚುಕ್ಕೆಗಳನ್ನು ಮತ್ತೆ ಮತ್ತೆ ಸೇರಿಸಿ ಬರೆದು ಗ್ರಂಥಭಂಡಾರದ ಹೊರಗಣ ಫೋಲ್ಡರುಗಳನ್ನು ನೋಡಲು ಕಿಡಿಗೇಡಿಗಳು ಯತ್ನಿಸಬಹುದು. ಇದಕ್ಕೆ ಪರಿಹಾರವೇನೆಂದರೆ, ಕೇಳಿದ ದಾರಿಯಲ್ಲಿನ ಚುಕ್ಕೆಗಳನ್ನೂ ಕೊಂಡಿಗಳನ್ನೂ ರಿಯಲ್‌ಪಾತ್ ಎಂಬ ಸಾಧನದಿಂದ ಬಿಡಿಸಿ, ಬಂದ ನಿಜವಾದ ದಾರಿಯು ಭಂಡಾರದ ದಾರಿಯಿಂದಲೇ ಮೊದಲಾಗುವುದೇ ಎಂದು ಪರೀಕ್ಷಿಸುವುದು. ಹೀಗೆ ಪರೀಕ್ಷಿಸುವಾಗ ಕೊನೆಯ ಓರೆಗೀಟನ್ನೂ ಸೇರಿಸಿಕೊಳ್ಳಬೇಕು. ಇಲ್ಲವಾದರೆ ಗ್ರಂಥ ಎಂಬುದರ ಪಕ್ಕದಲ್ಲಿರುವ ಗ್ರಂಥರಹಸ್ಯ ಎಂಬ ಬೇರೆಯ ಫೋಲ್ಡರೂ ಪರೀಕ್ಷೆಯಲ್ಲಿ ತೇರ್ಗಡೆಯಾದೀತು. ಅಲ್ಲದೆ, ಯೂನಿಕ್ಸಿನ ಹೆಸರಿನಲ್ಲಿ ಓರೆಗೀಟು ಮತ್ತು ಶೂನ್ಯಬೈಟು ಹೊರತು ಮಿಕ್ಕ ಯಾವ ಚಿಹ್ನೆಯಾದರೂ ಬರಬಹುದಾದುದರಿಂದ, ಹೆಸರುಗಳನ್ನು ಪುಟದಲ್ಲಿ ತೋರಿಸುವ ಮೊದಲು ಪುಟದ ಭಾಷೆಯಲ್ಲಿ ವಿಶೇಷಾರ್ಥವುಳ್ಳ ಚಿಹ್ನೆಗಳನ್ನು ನಿರಪಾಯಗೊಳಿಸಬೇಕು.

೭. ಕನ್ನಡದ ಹೆಸರುಗಳು

ಕನ್ನಡದಲ್ಲಿ ಹೆಸರಿಟ್ಟ ಕಡತಗಳ ವಿಷಯದಲ್ಲಿ ಇನ್ನೂ ಮೂರು ಸಂಗತಿಗಳನ್ನು ಗಮನಿಸಬೇಕು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಹೆಸರಿನ ಮಿತಿಯು ೨೫೫ ಬೈಟುಗಳು. ಟಾಮ್ಸನ್ ಮತ್ತು ಪೈಕ್ ಇವರು ೧೯೯೨ರಲ್ಲಿ ರೂಪಿಸಿದ ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ೩ ಬೈಟುಗಳು ಬೇಕಾಗುವುದರಿಂದ, ೮೫ ಸಂಕೇತಗಳಿಗಿಂತ ಉದ್ದವಾದ ಹೆಸರು ಸಲ್ಲದು. ಒತ್ತು, ಗುಣಿತಗಳೂ ಬೇರೆ ಬೇರೆ ಸಂಕೇತಗಳಾದುದರಿಂದ ಅಕ್ಷರಗಳ ಲೆಕ್ಕದಲ್ಲಿ ಇದು ಇನ್ನೂ ಕಡಿಮೆ.

ಎರಡನೆಯದಾಗಿ, ಯೂನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿಸಿ ಮೂರಾಗಿಯೂ ಬರೆಯಲು ಸಾಧ್ಯ. ಕೋಶ ಎಂಬ ಹೆಸರು ಒಂದು ಬಗೆಯಲ್ಲಿ ೯ ಬೈಟುಗಳು, ಇನ್ನೊಂದು ಬಗೆಯಲ್ಲಿ ೧೫. ಕಣ್ಣಿಗೆ ಎರಡೂ ಒಂದೇ. ಲಿನಕ್ಸಿಗೆ ಎರಡೂ ಬೇರೆ. ಹೀಗೆ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬರುವುದೂ, ಹುಡುಕಿದ ಹೆಸರು ಇದ್ದೂ ಸಿಕ್ಕದಿರುವುದೂ ಸಂಭವಿಸುತ್ತದೆ. ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರುವುದೇ ಇದಕ್ಕೆ ಮದ್ದು.

ಮೂರನೆಯದು ಅಕಾರಾದಿ. ಸ್ಕ್ಯಾನ್‌ಡಿರ್ ಹೆಸರುಗಳನ್ನು ಸಂಕೇತಗಳ ಕ್ರಮದಲ್ಲಿ ಜೋಡಿಸುತ್ತದೆ. ಯೂನಿಕೋಡಿನಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿಯೇ ಇರುವುದರಿಂದ ಕಳಸ ಎಂಬುದು ಕವಿರಾಜಮಾರ್ಗಕ್ಕಿಂತ ಮೊದಲು ಬರುವುದು. ಕನ್ನಡದ ವರ್ಣಮಾಲೆಯಲ್ಲಾದರೋ ಳಕಾರದ ಸ್ಥಾನವು ಹಕಾರದ ಅನಂತರ. ಹಾಗೆಯೇ ಸಂಪುಟ ೧೦ ಎಂಬುದು ಸಂಪುಟ ೨ಕ್ಕಿಂತ ಮುಂದೆ ನಿಲ್ಲುತ್ತದೆ. ಕ್ರಮವನ್ನು ನಂಬಿ ಹುಡುಕುವ ಓದುಗನಿಗೆ ತಪ್ಪು ಸ್ಥಾನದಲ್ಲಿರುವ ಹೆಸರು ಇಲ್ಲದ ಹೆಸರಿನಂತೆಯೇ. ಆದುದರಿಂದ ಭಾಷೆಯ ವರ್ಣಕ್ರಮವನ್ನೂ ಅಂಕಿಗಳ ಬೆಲೆಯನ್ನೂ ಅನುಸರಿಸುವ ಜೋಡಣೆಯು ಅವಶ್ಯ.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ: ಸ್ವಾವರ್ತನವಿಧಿಯು ಸ್ವಭಾವತಃ ಸರಳ, ಅದರ ಪ್ರಾಮಾಣ್ಯವು ಮಾತ್ರ ಅದು ಎಲ್ಲಿ ನಿಲ್ಲಬೇಕು, ಎಲ್ಲಿ ಇಳಿಯಬಾರದು, ಎಲ್ಲಿ ಸೋತೆನೆಂದು ಒಪ್ಪಿಕೊಳ್ಳಬೇಕು ಎಂಬ ಅರಿವನ್ನು ಅವಲಂಬಿಸಿರುವುದು. ಕಂಡುದನ್ನೆಲ್ಲ ಬರೆದು ಕಾಣದುದರ ವಿಷಯದಲ್ಲಿ ಸುಮ್ಮನಿರುವ ಪಟ್ಟಿಯು ಓದುಗನನ್ನು ದಾರಿತಪ್ಪಿಸುತ್ತದೆ. ಕಾಣಲಾಗದುದನ್ನೂ ಎಣಿಸಿ ಹೇಳುವ ಪಟ್ಟಿಯು ಅಪೂರ್ಣವಾಗಿದ್ದರೂ ನಂಬಿಕೆಗೆ ಅರ್ಹವಾದುದು. ಕಳೆದುಹೋಯಿತೆಂದು ತಿಳಿದ ಗ್ರಂಥವನ್ನು ಮತ್ತೆ ಹುಡುಕಲು ಅದೇ ಮೊದಲ ಮೆಟ್ಟಿಲು.